ದಿನಾ ಕುಡಿಯುವವರು ಒಂದೇ ಸಲಕ್ಕೆ ಬಿಟ್ಟರೆ ಜೀವಕ್ಕೆ ಅಪಾಯವೇ?

ಪ್ರಶ್ನೆ: ನಮ್ಮ ಯಜಮಾನರಿಗೆ 15 ವರ್ಷದಿಂದ ಕುಡಿತದ ಅಭ್ಯಾಸ. ಈಗ ದಿನಕ್ಕೆ ಎರಡು ಕ್ವಾರ್ಟರ್ ಬೇಕು. ಬೆಳಿಗ್ಗೆ ಒಂದು ತೊಂಬತ್ತು ಹಾಕದಿದ್ದರೆ ಕೈ ನಡುಗುತ್ತದೆ. ಈ ಸಲ ಅಯ್ಯಪ್ಪ ಮಾಲೆ ಹಾಕಿ ಪೂರ್ತಿ ಬಿಡುತ್ತೇನೆ ಎನ್ನುತ್ತಿದ್ದಾರೆ. ಸ್ನೇಹಿತರು ಮಾತ್ರ ‘ಒಂದೇ ಸಲಕ್ಕೆ ಬಿಟ್ರೆ ಸತ್ತೇ ಹೋಗ್ತೀಯ’ ಅಂತಾರಂತೆ. ಇದು ನಿಜವಾ, ಇಲ್ಲಾ ಕುಡಿಯೋಕೆ ಒಂದು ನೆಪವಾ?

ಉತ್ತರ: ಅವರ ಮಾತಿನಲ್ಲಿ ಅರ್ಧ ನಿಜ ಇದೆ. ಬೆಳಿಗ್ಗೆ ಎದ್ದ ಕೂಡಲೇ ಕುಡಿಯಲೇಬೇಕು ಎನ್ನುವ ಹಂತ ತಲುಪಿದವರು ಡಾಕ್ಟರನ್ನು ಕಾಣದೆ ದಿಢೀರನೆ ನಿಲ್ಲಿಸಿದರೆ ಫಿಟ್ಸ್ ಬರಬಹುದು. ಕೆಲವರಲ್ಲಿ ಅದು ಪ್ರಾಣಕ್ಕೇ ಬರುತ್ತದೆ. ಹಾಗಂತ ಕುಡಿಯುತ್ತಲೇ ಇರಿ ಎಂದಲ್ಲ. ನಿಮ್ಮ ಯಜಮಾನರು ಖಂಡಿತ ಬಿಡಬೇಕು. ಮೊದಲ ಒಂದು ವಾರ ಮಾತ್ರ ಡಾಕ್ಟರ ಸಹಾಯದಿಂದ ಬಿಡಬೇಕು, ಅಷ್ಟೇ.

ಒಂದು ಕ್ವಾರ್ಟರ್, ಅಂದರೆ 180 ಮಿ.ಲೀ. ವಿಸ್ಕಿಯಲ್ಲಿ ಸುಮಾರು 60 ಗ್ರಾಂ ಶುದ್ಧ ಆಲ್ಕೋಹಾಲ್ ಇರುತ್ತದೆ. ಎರಡು ಕ್ವಾರ್ಟರ್ ಅಂದರೆ ದಿನಾ 120 ಗ್ರಾಂ. ಆಲ್ಕೋಹಾಲ್ ಮಿದುಳಿನ ಚಟುವಟಿಕೆಯನ್ನು ತಗ್ಗಿಸುತ್ತದೆ. ವರ್ಷಗಟ್ಟಲೆ ಹೀಗಾದಾಗ ಮಿದುಳು ಸುಮ್ಮನಿರುವುದಿಲ್ಲ. ಎಚ್ಚರವಾಗಿರಲು ತಾನೇ ಜಾಸ್ತಿ ಜೋರು ಮಾಡುತ್ತದೆ. ಹಗ್ಗ ಜಗ್ಗುವ ಆಟದಲ್ಲಿ ಒಂದು ಕಡೆಯವರು ತಟ್ಟನೆ ಹಗ್ಗ ಬಿಟ್ಟರೆ ಇನ್ನೊಂದು ಕಡೆಯವರು ಹಿಂದಕ್ಕೆ ಬೀಳುತ್ತಾರಲ್ಲ, ಇಲ್ಲೂ ಹಾಗೆಯೇ. ಕುಡಿತ ನಿಂತ ಕೂಡಲೇ ಮಿದುಳಿನ ಆ ಜೋರಿಗೆ ತಡೆಯೇ ಇರುವುದಿಲ್ಲ. ಕೈ ನಡುಕ, ಬೆವರು, ಎದೆ ಡವಡವ, ನಿದ್ದೆಯಿಲ್ಲದ ರಾತ್ರಿ ಎಲ್ಲವೂ ಇದರಿಂದಲೇ.

ಕೊನೆಯ ಗ್ಲಾಸ್ ಕುಡಿದ ಆರೆಂಟು ಗಂಟೆಗೆ ನಡುಕ, ವಾಕರಿಕೆ, ಸಿಡಿಮಿಡಿ ಶುರುವಾಗುತ್ತದೆ. ಫಿಟ್ಸ್ ಬರುವುದಿದ್ದರೆ ಸಾಮಾನ್ಯವಾಗಿ ಮೊದಲ 48 ಗಂಟೆಯೊಳಗೆ. ಇದನ್ನು ದಾಟಿದ ಮೇಲೆ ಮನೆಯವರು ‘ಸದ್ಯ, ಕಷ್ಟ ಕಳೆಯಿತು’ ಎಂದು ಉಸಿರು ಬಿಡುತ್ತಾರೆ. ಆದರೆ ನಿಜವಾಗಿ ಹೆದರಬೇಕಾದದ್ದು ಮೂರನೇ, ನಾಲ್ಕನೇ ದಿನಕ್ಕೆ. ಮನುಷ್ಯನಿಗೆ ಇರುವ ಜಾಗ, ಹೊತ್ತು ತಿಳಿಯುವುದಿಲ್ಲ. ಗೋಡೆಯ ಮೇಲೆ ಹುಳ ಹರಿದಂತೆ ಕಾಣುತ್ತದೆ. ಎದುರಿಗೆ ಯಾರೂ ಇಲ್ಲದಿದ್ದರೂ ಮಾತಾಡುತ್ತಾರೆ, ಹೊದಿಕೆ ಕೀಳುತ್ತಾರೆ, ಎದ್ದು ಓಡಲು ನೋಡುತ್ತಾರೆ. ಜೊತೆಗೆ ಜ್ವರ, ಏರುವ ಬಿಪಿ. ಇದಕ್ಕೆ ಡೆಲಿರಿಯಮ್ ಟ್ರೆಮೆನ್ಸ್ ಎನ್ನುತ್ತಾರೆ. ಕುಡಿತ ಬಿಡುವ ಎಲ್ಲರಿಗೂ ಇದು ಬರುವುದಿಲ್ಲ, ಸ್ವಲ್ಪ ಜನರಿಗೆ ಮಾತ್ರ. ಬಂದವರಿಗೆ ಚಿಕಿತ್ಸೆ ಸಿಗದಿದ್ದರೆ ಸಾವೂ ಆಗಬಹುದು.

ಇದನ್ನು ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ‘ಗಾಳಿ ಸೋಕಿದೆ’ ಎಂದುಕೊಳ್ಳುತ್ತಾರೆ. ಆಸ್ಪತ್ರೆಗೆ ಹೋಗಬೇಕಾದ ಹೊತ್ತು ತಾಯತ ಕಟ್ಟಿಸುವುದರಲ್ಲಿ ಕಳೆದುಹೋಗುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ.

ಬೇರೆ ಕಾರಣಕ್ಕೆ ಆಸ್ಪತ್ರೆಗೆ ಸೇರಿದಾಗಲೂ ಇದು ಆಗುತ್ತದೆ. ಬೈಕಿನಿಂದ ಬಿದ್ದು ಕಾಲು ಮುರಿದಿರುತ್ತದೆ, ಆಪರೇಷನ್ ಚೆನ್ನಾಗಿಯೇ ಆಗಿರುತ್ತದೆ. ಮೂರನೇ ದಿನ ರೋಗಿ ಏನೇನೋ ಬಡಬಡಿಸಲು ಶುರು ಮಾಡುತ್ತಾನೆ. ದಿನಾ ಕುಡಿಯುವ ವಿಷಯವನ್ನು ನಾಚಿಕೆಗೆ ಮನೆಯವರು ಡಾಕ್ಟರಿಗೆ ಹೇಳಿಯೇ ಇರುವುದಿಲ್ಲ. ಯಾವ ಆಸ್ಪತ್ರೆಗೆ ಹೋದರೂ, ಯಾವ ಕಾಯಿಲೆಗೆ ಹೋದರೂ, ದಿನಕ್ಕೆ ಎಷ್ಟು ಕುಡಿಯುತ್ತಾರೆ, ಕೊನೆಗೆ ಕುಡಿದದ್ದು ಯಾವಾಗ ಎಂಬುದನ್ನು ಹೇಳಿಬಿಡಿ.

2020ರ ಲಾಕ್‌ಡೌನ್ ನೆನಪಿದೆಯಲ್ವಾ? ಮಾರ್ಚ್ ಕೊನೆಗೆ ಮುಚ್ಚಿದ ಮದ್ಯದಂಗಡಿಗಳು ನಮ್ಮಲ್ಲಿ ಮತ್ತೆ ತೆರೆದದ್ದು ಮೇ 4ಕ್ಕೆ. ಆ ದಿನಗಳಲ್ಲಿ ಬೆಂಗಳೂರಿನ ಆಸ್ಪತ್ರೆಗಳಿಗೆ ಫಿಟ್ಸ್ ಮತ್ತು ಬುದ್ಧಿಭ್ರಮೆಯೊಂದಿಗೆ ಬಂದವರ ಸಂಖ್ಯೆ ಏರಿದ್ದನ್ನು ನಿಮ್ಹಾನ್ಸ್ ವೈದ್ಯರು ದಾಖಲಿಸಿದ್ದಾರೆ.

ಹಾಗಾದರೆ ಯಾರು ಮನೆಯಲ್ಲೇ ಬಿಡುವ ಸಾಹಸ ಮಾಡಬಾರದು? ಹಿಂದೊಮ್ಮೆ ಬಿಟ್ಟಾಗ ಫಿಟ್ಸ್ ಬಂದವರು ಅಥವಾ ಬಡಬಡಿಸಿದವರು ಮೊದಲು. ಒಮ್ಮೆ ಆದದ್ದು ಮುಂದಿನ ಸಲ ಇನ್ನೂ ಜೋರಾಗಿ ಆಗುವ ಸಂಭವ ಜಾಸ್ತಿ. ಬೆಳಿಗ್ಗೆಯೇ ಕುಡಿಯುವವರು, ಲಿವರ್ ತೊಂದರೆ ಇರುವವರು, ವಯಸ್ಸಾದವರು, ಸರಿಯಾಗಿ ಊಟ ಮಾಡದೆ ಸೊರಗಿದವರೂ ಅಷ್ಟೇ. ನಿಮ್ಮ ಯಜಮಾನರ ಬೆಳಗಿನ ನಡುಕ ಸ್ಪಷ್ಟ ಎಚ್ಚರಿಕೆ.

ಆಸ್ಪತ್ರೆಯಲ್ಲಿ ಮಾಡುವುದು ದೊಡ್ಡ ವಿದ್ಯೆಯೇನಲ್ಲ. ಮಿದುಳನ್ನು ಶಾಂತ ಮಾಡುವ ಮಾತ್ರೆ ಕೊಟ್ಟು, ಐದರಿಂದ ಹತ್ತು ದಿನದಲ್ಲಿ ಅದನ್ನು ಇಳಿಸುತ್ತಾ ಬಂದು ನಿಲ್ಲಿಸುತ್ತಾರೆ. ಇದೇ ಮಾತ್ರೆಯನ್ನು ಮೆಡಿಕಲ್ ಶಾಪಿನಿಂದ ನೀವೇ ತಂದು ಕೊಡಬೇಡಿ. ಇದರ ಮೇಲೆ ಕುಡಿದರೆ ಉಸಿರೇ ನಿಂತುಹೋಗಬಹುದು. ಇನ್ನೊಂದು ಮುಖ್ಯ ಔಷಧಿ ಬಿ1 ವಿಟಮಿನ್, ಅಂದರೆ ಥಯಾಮಿನ್. ಕುಡಿಯುವವರಲ್ಲಿ ಇದು ತೀರಾ ಕಡಿಮೆಯಾಗಿ ಕಣ್ಣಿನ ಚಲನೆ, ನಡಿಗೆ, ಕೊನೆಗೆ ನೆನಪಿನ ಶಕ್ತಿ ಕೆಡುತ್ತದೆ. ಕಳೆದುಹೋದ ನೆನಪು ಎಷ್ಟೋ ಜನರಿಗೆ ಪೂರ್ತಿ ಮರಳುವುದೇ ಇಲ್ಲ. ‘ಸುಸ್ತಾಗಿದ್ದಾರೆ, ಒಂದು ಗ್ಲೂಕೋಸ್ ಹಾಕಿಸೋಣ’ ಎಂದು ಹತ್ತಿರದ ಕ್ಲಿನಿಕ್ಕಿಗೆ ಕರೆದೊಯ್ಯುವುದುಂಟು. ಥಯಾಮಿನ್ ಕೊಡದೆ ಬರೀ ಗ್ಲೂಕೋಸ್ ಹಾಕಿದರೆ ಈ ತೊಂದರೆ ಹೆಚ್ಚಾಗುವ ಭಯವಿದೆ. ಆದ್ದರಿಂದ ಅಲ್ಲಿಯೂ ಕುಡಿತದ ವಿಷಯ ಹೇಳಲೇಬೇಕು.

ಮಾಲೆ ಹಾಕುವ ಸಂಕಲ್ಪ ಒಳ್ಳೆಯದೇ. ಊರ ಜನ ‘ಸ್ವಾಮಿ’ ಎಂದು ಕರೆಯುವ ಆ ಗೌರವ ಎಷ್ಟೋ ಗಂಡಸರನ್ನು ಕುಡಿತದಿಂದ ದೂರ ಇಟ್ಟಿದೆ. ಆದರೆ ಮಾಲೆಗೆ ಎರಡು ವಾರ ಮೊದಲೇ ಡಾಕ್ಟರನ್ನು ನೋಡಿ. ಅವರು ಹೇಳುವ ತನಕ ದಿಢೀರನೆ ನಿಲ್ಲಿಸುವುದು ಬೇಡ. ಧರ್ಮಸ್ಥಳದವರ ಮದ್ಯವರ್ಜನ ಶಿಬಿರದಂಥ ಕಡೆ ಸೇರುವುದಾದರೂ ಹೀಗೆಯೇ, ಮೊದಲು ತಪಾಸಣೆ. ಮಾಲೆಯಲ್ಲಿರುವಾಗ ಮಾತ್ರೆ ತೆಗೆದುಕೊಂಡರೆ ವ್ರತಕ್ಕೆ ಭಂಗವೇನೂ ಇಲ್ಲ.

ಮನೆಯಲ್ಲೇ ಫಿಟ್ಸ್ ಬಂದರೆ ಒಂದು ಪಕ್ಕಕ್ಕೆ ಮಲಗಿಸಿ, ತಲೆಗೆ ಏಟಾಗದಂತೆ ನೋಡಿಕೊಳ್ಳಿ. ಬಾಯಿಗೆ ಚಮಚ, ನೀರು ಏನನ್ನೂ ಹಾಕಬೇಡಿ. ಕೈಗೆ ಕೀಲಿಕೈ ಗೊಂಚಲು ಕೊಟ್ಟರೆ ಫಿಟ್ಸ್ ನಿಲ್ಲುವುದಿಲ್ಲ. 108ಕ್ಕೆ ಕರೆ ಮಾಡಿ.

ಇನ್ನೊಂದು ಮಾತು. ‘ಅವರಿಗೆ ಗೊತ್ತಾಗದಂತೆ ಸಾರಿಗೆ ಬೆರೆಸಿ’ ಎಂದು ಮಾರುವ ಪುಡಿಗಳ ಹತ್ತಿರವೂ ಹೋಗಬೇಡಿ. ಅಂಥದ್ದರಲ್ಲಿ ಡೈಸಲ್ಫಿರಾಮ್ ಎಂಬ ಔಷಧಿ ಇದ್ದು, ಅದು ತಿಳಿಯದೆ ಅವರು ಕುಡಿದರೆ ವಾಂತಿಯಾಗಿ, ಬಿಪಿ ಕುಸಿದು, ಹೃದಯಕ್ಕೇ ಪೆಟ್ಟಾಗಬಹುದು. ಡಾಕ್ಟರುಗಳೂ ಈ ಮಾತ್ರೆಯನ್ನು ಕೊಡುತ್ತಾರೆ. ಆದರೆ ರೋಗಿಗೆ ಎಲ್ಲವನ್ನೂ ವಿವರಿಸಿ, ಅವರ ಒಪ್ಪಿಗೆ ಪಡೆದೇ ಕೊಡುತ್ತಾರೆ. ಕುಡಿಯುವ ಆಸೆಯನ್ನೇ ತಗ್ಗಿಸುವ ಬೇರೆ ಮಾತ್ರೆಗಳೂ ಇವೆ, ಕೇಳಿ ನೋಡಿ.

ಎಲ್ಲಿಗೆ ಹೋಗುವುದು? ಜಿಲ್ಲಾ ಆಸ್ಪತ್ರೆಯ ಮನೋರೋಗ ವಿಭಾಗಕ್ಕೆ ಅಥವಾ ತಾಲ್ಲೂಕು ಆಸ್ಪತ್ರೆಯಲ್ಲಿ ಮಂಗಳವಾರ ನಡೆಯುವ ಮನೋಚೈತನ್ಯ ಕ್ಲಿನಿಕ್ಕಿಗೆ ಹೋಗಬಹುದು. ಬೆಂಗಳೂರಿಗೆ ಹತ್ತಿರವಿದ್ದರೆ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ಕೇಂದ್ರವಿದೆ. ಫೋನಿನಲ್ಲಿ ಕೇಳಬೇಕೆಂದರೆ 14446 ವ್ಯಸನಮುಕ್ತಿ ಸಹಾಯವಾಣಿ, 14416 ಟೆಲಿ-ಮಾನಸ್ ಮಾನಸಿಕ ಆರೋಗ್ಯ ಸಹಾಯವಾಣಿ. ಎರಡೂ ಉಚಿತ. ಯಜಮಾನರು ಬರಲು ಹಿಂಜರಿದರೆ ಮೊದಲು ನೀವೊಬ್ಬರೇ ಕರೆ ಮಾಡಿ ಮಾತಾಡಿ.