19ಕ್ಕೆ 1: ಹೆಲ್‌ಕ್ಯಾಟ್ ಲೆಕ್ಕ ಹುಟ್ಟಿದ್ದು ಹೇಗೆ?

ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಹೆಲ್‌ಕ್ಯಾಟ್ ಯುದ್ಧವಿಮಾನ ಒಂದು ಬಿದ್ದರೆ ಶತ್ರುವಿನ 19 ವಿಮಾನ ಉರುಳುತ್ತಿದ್ದವು ಅನ್ನುವ ಲೆಕ್ಕವೊಂದಿದೆ. ಅದರ ಹುಟ್ಟು ತಿಳಿಯಲು ಒಬ್ಬ ಪೈಲಟ್‌ನಿಂದ ಶುರು ಮಾಡೋಣ. ಚಿಕಾಗೊದ ಓಹೇರ್ ವಿಮಾನ ನಿಲ್ದಾಣದಲ್ಲಿ ಇಳಿದು, ಮುಂದಿನ ವಿಮಾನಕ್ಕೆ ಗಂಟೆಗಟ್ಟಲೆ ಕಾದ ಕನ್ನಡಿಗರು ಬೇಕಾದಷ್ಟಿದ್ದಾರೆ. ಆ ಹೆಸರು ಯಾರದ್ದು ಅಂತ ವಿಚಾರಿಸಿದವರು ಕಡಿಮೆ. ಎಡ್ವರ್ಡ್ 'ಬುಚ್' ಓಹೇರ್ ಅಮೆರಿಕದ ನೌಕಾಪಡೆಯ ಪೈಲಟ್. 1942ರ ಫೆಬ್ರವರಿ 20ರಂದು ನಾಲ್ಕೈದು ನಿಮಿಷದಲ್ಲಿ ಐದು ಜಪಾನಿ ಬಾಂಬರ್‌ಗಳನ್ನು ಹೊಡೆದುರುಳಿಸಿದ್ದಕ್ಕೆ ಅವನಿಗೆ ಮೆಡಲ್ ಆಫ್ ಆನರ್ ಸಿಕ್ಕಿತು. ಐದು ವಿಮಾನ ಉರುಳಿಸಿದವನಿಗೆ 'ಏಸ್' ಅನ್ನುತ್ತಾರೆ. ಆ ಯುದ್ಧದಲ್ಲಿ ಅಮೆರಿಕದ ನೌಕಾಪಡೆಯ ಮೊದಲ ಏಸ್ ಇವನೇ.

ಎರಡೂ ದೇಶಗಳ ದಾಖಲೆ ಪಕ್ಕಪಕ್ಕ ಇಟ್ಟು ನೋಡಿದ ಇತಿಹಾಸಕಾರರ ಪ್ರಕಾರ ಓಹೇರ್‌ನ ಗುಂಡಿಗೆ ಬಿದ್ದದ್ದು ಐದಲ್ಲ, ಮೂರು.

ಹಾಗಾದರೆ ಅವನು ಸುಳ್ಳು ಹೇಳಿದನಾ? ಇಲ್ಲ. ಅವತ್ತು ನಡೆದದ್ದನ್ನು ಸ್ವಲ್ಪ ಹತ್ತಿರದಿಂದ ನೋಡೋಣ. 'ಲೆಕ್ಸಿಂಗ್ಟನ್' ಎಂಬ ವಿಮಾನವಾಹಕ ಹಡಗು ಪೆಸಿಫಿಕ್‌ನಲ್ಲಿ ಜಪಾನಿಯರ ನೆಲೆಯಾಗಿದ್ದ ರಬೌಲ್ ಮೇಲೆ ದಾಳಿಗೆ ಹೊರಟಿತ್ತು. ಅದನ್ನು ಪತ್ತೆಹಚ್ಚಿದ ಜಪಾನಿಯರು ಎರಡು ಗುಂಪಾಗಿ 17 ಬಾಂಬರ್‌ಗಳನ್ನು ಕಳಿಸಿದರು. ಉಳಿದ ಪೈಲಟ್‌ಗಳು ಮೊದಲ ಗುಂಪಿನ ಬೆನ್ನು ಹತ್ತಿದ್ದರು. ಎಂಟು ಬಾಂಬರ್‌ಗಳ ಎರಡನೇ ಗುಂಪು ಇನ್ನೊಂದು ಕಡೆಯಿಂದ ಬಂದಾಗ ಅಡ್ಡ ಹೋಗುವಷ್ಟು ಹತ್ತಿರ ಇದ್ದದ್ದು ಓಹೇರ್ ಮತ್ತು ಅವನ ಜೊತೆಗಾರ ಇಬ್ಬರೇ. ಜೊತೆಗಾರನ ಗನ್ ಸಿಕ್ಕಿಹಾಕಿಕೊಂಡಿತು. ಉಳಿದವನು ಓಹೇರ್ ಒಬ್ಬ. ಅವನ ವೈಲ್ಡ್‌ಕ್ಯಾಟ್ ಯುದ್ಧವಿಮಾನದಲ್ಲಿ ನಾಲ್ಕು ಗನ್, ಒಂದೊಂದಕ್ಕೆ 450 ಗುಂಡು. ಬಿಡದೆ ಒತ್ತಿ ಹಿಡಿದರೆ ಅರ್ಧ ನಿಮಿಷ ದಾಟುವಷ್ಟರಲ್ಲಿ ಖಾಲಿ.

ಅವನು ಹಿಂದಿನಿಂದ ಬಂದು ಒಂದು ಬಾಂಬರ್‌ನ ಎಂಜಿನ್‌ಗೆ ಹೊಡೆಯುತ್ತಾನೆ. ಹೊಗೆ ಬರುತ್ತದೆ, ವಿಮಾನ ಸಾಲು ಬಿಟ್ಟು ವಾಲುತ್ತದೆ. ಅದು ಸಮುದ್ರಕ್ಕೆ ಬಿತ್ತಾ ಅಂತ ನೋಡುತ್ತ ಕೂರಲು ಪುರುಸೊತ್ತಿಲ್ಲ, ಮುಂದೆ ಇನ್ನೂ ಏಳು ಇವೆ. ಹೀಗೆ ಹಿಂದೆ ಬಿದ್ದ ಒಂದು ಬಾಂಬರ್ ಬೆಂಕಿ ಆರಿಸಿಕೊಂಡು ಮತ್ತೆ ಸಾಲು ಸೇರಿತ್ತು. ಓಹೇರ್ ಕಣ್ಣಿಗೆ ಅದು ಹೊಸ ಬಾಂಬರ್. ನಾಲ್ಕು ನಿಮಿಷದ ಗದ್ದಲದಲ್ಲಿ ಮೂರು ಐದಾಗುವುದು ಹೀಗೆ.

ಹಡಗು ಉಳಿಯಿತು ಅನ್ನುವುದು ಮಾತ್ರ ನಿಜ. ಹೊರಟ 17 ಬಾಂಬರ್‌ಗಳಲ್ಲಿ ವಾಪಸ್ ಹೋದದ್ದು ಎರಡೇ. ಮೂರೇ ಅಂದರೂ ಆ ಪದಕಕ್ಕೆ ಕುಂದಿಲ್ಲ ಅಂತ ನನ್ನ ಅನಿಸಿಕೆ.

ಆದರೆ ಲೆಕ್ಕದ ಪುಸ್ತಕ ಶುರುವಾದದ್ದು ಇಲ್ಲಿಂದ. ಯುದ್ಧ ಬೆಳೆದ ಹಾಗೆ ನೌಕಾಪಡೆ ಇದಕ್ಕೊಂದು ಕ್ರಮ ಮಾಡಿತು. ಪ್ರತಿ ಸ್ಕ್ವಾಡ್ರನ್‌ಗೆ ಒಬ್ಬ ಗುಪ್ತಚರ ಅಧಿಕಾರಿ. ಪೈಲಟ್ ಇಳಿದು, ಬೆವರು ಒರೆಸಿಕೊಂಡು ಕೂತ ತಕ್ಷಣ ಇವನ ಪ್ರಶ್ನೆಗಳು ಶುರು. ಎಷ್ಟು ಎತ್ತರದಲ್ಲಿದ್ದೆ? ಯಾವ ಮಾದರಿಯ ವಿಮಾನ? ಬೆಂಕಿ ಹತ್ತಿದ್ದು ಎಲ್ಲಿ? ಬಿದ್ದದ್ದನ್ನು ಬೇರೆ ಯಾರು ನೋಡಿದರು? ಉತ್ತರವೆಲ್ಲ ಒಂದು ಅಚ್ಚಾದ ಫಾರಂಗೆ ಹೋಗುತ್ತಿತ್ತು. ಸುಮ್ನೆ ಹೊಗೆ ಬಂದರೆ ಸಾಲದು. ವಿಮಾನ ನೀರಿಗೆ ಬಿದ್ದಿರಬೇಕು, ಇಲ್ಲವೇ ಪೂರ್ತಿ ಹೊತ್ತಿ ಉರಿದಿರಬೇಕು, ಇಲ್ಲವೇ ಗಾಳಿಯಲ್ಲೇ ಚೂರಾಗಿರಬೇಕು, ಇಲ್ಲವೇ ಪೈಲಟ್ ಪ್ಯಾರಾಶೂಟ್ ಹಿಡಿದು ಹಾರಿರಬೇಕು. ಆಮೇಲೆ ಗುಂಡು ಹಾರಿಸುವುದನ್ನು ಚಿತ್ರಿಸುವ ಗನ್ ಕ್ಯಾಮೆರಾ ಬಂತು. ಅದು ಓಡುವುದು ಟ್ರಿಗರ್ ಒತ್ತಿದಷ್ಟು ಹೊತ್ತು ಮಾತ್ರ. ಬೆರಳು ತೆಗೆದ ಮೇಲೆ ಎದುರಾಳಿಗೆ ಏನಾಯಿತು ಅನ್ನುವುದು ಅದಕ್ಕೂ ಗೊತ್ತಿಲ್ಲ.

ಇಷ್ಟು ಜರಡಿ ಹಿಡಿದರೂ ತಪ್ಪು ನುಸುಳುತ್ತಿತ್ತು. ಒಂದೇ ವಿಮಾನಕ್ಕೆ ಇಬ್ಬರು ಗುಂಡು ಹಾರಿಸಿ, ಇಬ್ಬರೂ ಅದು ನನ್ನದು ಅಂತ ಪ್ರಾಮಾಣಿಕವಾಗಿ ನಂಬುವುದು ಮಾಮೂಲು. ಎದುರಾಳಿ ಮೋಡದೊಳಗೆ ನೇರ ಕೆಳಗೆ ಧುಮುಕಿದರೆ ಬಿದ್ದ ಅನ್ನಿಸುತ್ತಿತ್ತು. ಅವನು ತಪ್ಪಿಸಿಕೊಂಡಿರಲೂಬಹುದು. ಒಂದು ವಿಷಯ ಮಾತ್ರ ಅಮೆರಿಕನ್ನರ ಲೆಕ್ಕಕ್ಕೆ ಅನುಕೂಲವಾಗಿತ್ತು. ಜಪಾನಿನ ಝೀರೋ ಹಗುರ ವಿಮಾನ. ಯುದ್ಧದ ಬಹುಕಾಲ ಅದರ ಇಂಧನ ಟ್ಯಾಂಕಿಗೆ ಗುಂಡಿನ ತೂತು ತಾನೇ ಮುಚ್ಚಿಕೊಳ್ಳುವ ಹೊದಿಕೆ ಇರಲಿಲ್ಲ. ಸರಿಯಾಗಿ ತಾಗಿದರೆ ಪಂಜಿನ ಹಾಗೆ ಹೊತ್ತಿಕೊಳ್ಳುತ್ತಿತ್ತು. ಅಂಥದ್ದರಲ್ಲಿ ಅನುಮಾನಕ್ಕೆ ಜಾಗ ಕಡಿಮೆ.

1943ರಲ್ಲಿ ಗ್ರಮ್ಮನ್ ಕಂಪನಿಯ ಹೆಲ್‌ಕ್ಯಾಟ್ ಕದನಕ್ಕೆ ಇಳಿಯಿತು. ಅಲಾಸ್ಕದ ಅಕುಟಾನ್ ದ್ವೀಪದಲ್ಲಿ ಸಿಕ್ಕ ಝೀರೋ ಒಂದನ್ನು ಬಿಚ್ಚಿ ನೋಡಿ ಹೆಲ್‌ಕ್ಯಾಟ್ ವಿನ್ಯಾಸ ಮಾಡಿದರು ಅನ್ನುವ ಕಥೆಯನ್ನು ನೀವೂ ಕೇಳಿರಬಹುದು. ತಾರೀಕು ನೋಡಿದರೆ ಸಾಕು, ಕಥೆ ನಿಲ್ಲುವುದಿಲ್ಲ. ಹೆಲ್‌ಕ್ಯಾಟ್ ಮೊದಲ ಸಲ ಹಾರಿದ್ದು 1942ರ ಜೂನ್ 26ಕ್ಕೆ. ಆ ಝೀರೋ ಅಮೆರಿಕನ್ನರ ಕಣ್ಣಿಗೆ ಬಿದ್ದದ್ದು ಜುಲೈನಲ್ಲಿ.

ಇನ್ನು 1944ರ ಜೂನ್ 19. ಪೆಸಿಫಿಕ್ ಸಾಗರದ ಮರಿಯಾನಾ ದ್ವೀಪಗಳ ಹತ್ತಿರ ಜಪಾನ್ ತನ್ನ ಹಡಗುಗಳಿಂದ ನಾಲ್ಕು ಅಲೆಗಳಲ್ಲಿ ವಿಮಾನ ಕಳಿಸಿತು. ಮೊದಲ ಅಲೆಯ 69ರಲ್ಲಿ 42 ವಾಪಸ್ ಹೋಗಲಿಲ್ಲ. ಅವತ್ತು ಅಲೆಕ್ಸ್ ವ್ರಾಚು ಎಂಬ ಪೈಲಟ್ ಎಂಟು ನಿಮಿಷದಲ್ಲಿ ಆರು ಬಾಂಬರ್ ಹೊಡೆದ. ಖರ್ಚಾದ ಗುಂಡು 360. ಹಡಗಿಗೆ ಇಳಿದವನು ಆರು ಬೆರಳು ಎತ್ತಿ ತೋರಿಸುತ್ತ ನಗುವ ಫೋಟೊ ಇದೆ. ಈ ಲೆಕ್ಕಕ್ಕೆಲ್ಲ ಒಂದು ಮುಖ ಅಂತಿದ್ದರೆ ಆ ಫೋಟೊನೇ. ಈ ವ್ರಾಚು ಹಿಂದೆ ಓಹೇರ್‌ನ ಜೊತೆಗಾರನಾಗಿ ಹಾರಿದವನು.

ಆ ದಿನಕ್ಕೆ ಅಮೆರಿಕನ್ನರು ಇಟ್ಟ ಅಡ್ಡಹೆಸರು 'ಟರ್ಕಿ ಶೂಟ್', ಅಂದರೆ ಕೋಳಿ ಬೇಟೆ. ಈ ಹೆಸರು ನನಗೆ ಅಷ್ಟು ಹಿಡಿಸುವುದಿಲ್ಲ. ಯಾಕೆಂದರೆ ಎದುರಿಗಿದ್ದವರಲ್ಲಿ ಎಷ್ಟೋ ಜನ ಕೆಲವೇ ತಿಂಗಳ ತರಬೇತಿ ಮುಗಿಸಿ ಬಂದ ಹುಡುಗರು. ಅನುಭವಿಗಳು ಅದಕ್ಕೂ ಮೊದಲೇ ಮಿಡ್‌ವೇಯಲ್ಲಿ, ಸಾಲೊಮನ್ ದ್ವೀಪಗಳಲ್ಲಿ ಒಬ್ಬೊಬ್ಬರಾಗಿ ಹೋಗಿದ್ದರು. ಅಮೆರಿಕದ ಪೈಲಟ್‌ಗೆ ಹಡಗು ಹತ್ತುವ ಮೊದಲೇ 300 ಗಂಟೆ ಹಾರಾಟ ಆಗಿರುತ್ತಿತ್ತು. ಜೊತೆಗೆ ರಾಡಾರ್. ಶತ್ರು ನೂರಾರು ಕಿಲೋಮೀಟರ್ ದೂರ ಇರುವಾಗಲೇ ಹಡಗಿನೊಳಗಿನ ಕತ್ತಲೆ ಕೋಣೆಯಲ್ಲಿ ಪರದೆ ನೋಡುತ್ತ ಕೂತವರು ರೇಡಿಯೊದಲ್ಲಿ ದಿಕ್ಕು, ಎತ್ತರ ಹೇಳಿ ಹೆಲ್‌ಕ್ಯಾಟ್‌ಗಳನ್ನು ಸರಿಯಾದ ಜಾಗಕ್ಕೆ ಕಳಿಸುತ್ತಿದ್ದರು. ವಿಮಾನದ ಪಕ್ಕದಲ್ಲಿ ಪುಟ್ಟ ಜಪಾನಿ ಬಾವುಟ ಬರೆಸಿಕೊಂಡವನು ಪೈಲಟ್. ಕೋಣೆಯಲ್ಲಿ ಕೂತವರಿಗೆ ಬಾವುಟ ಇಲ್ಲ.

ಮಾರನೇ ದಿನದ ಕಥೆ ಬೇರೆ. ಜೂನ್ 20ರ ಸಂಜೆ, ತುಂಬಾ ದೂರ ಇದ್ದ ಜಪಾನಿ ಹಡಗುಗಳ ಮೇಲೆ 200ಕ್ಕೂ ಹೆಚ್ಚು ವಿಮಾನ ಹೋದವು. ವಾಪಸ್ ಬರುವಾಗ ಕತ್ತಲು, ಟ್ಯಾಂಕಿನಲ್ಲಿ ಇಂಧನ ಇಲ್ಲ. ಅಮೆರಿಕದ ವಿಮಾನವಾಹಕ ಹಡಗುಗಳ ಮುಖ್ಯಸ್ಥ ಅಡ್ಮಿರಲ್ ಮಿಷರ್ ಜಲಾಂತರ್ಗಾಮಿಗಳ ಭಯ ಬದಿಗಿಟ್ಟು ಹಡಗುಗಳ ದೀಪ ಹಾಕಿಸಿದ. ಆದರೂ ಸುಮಾರು 80 ವಿಮಾನಗಳು ನೀರಿಗೆ ಬಿದ್ದವು, ಇಲ್ಲವೇ ಇಳಿಯುವಾಗ ಜಖಂ ಆದವು. ಶತ್ರುವಿನ ಕೈಯಲ್ಲಿ ಹೋದದ್ದು ಸುಮಾರು 20. ನೀರಿಗೆ ಬಿದ್ದ ಪೈಲಟ್‌ಗಳಲ್ಲಿ ಹೆಚ್ಚಿನವರನ್ನು ಎತ್ತಿಕೊಂಡರು. ಆದರೆ ಆ 80 ವಿಮಾನ ಯಾವ ಖಾನೆಗೆ ಹೋಗಬೇಕು? ಗಾಳಿಯ ಕಾಳಗದಲ್ಲಿ ಸೋತದ್ದು ಅಂತೂ ಅಲ್ಲ, ಅಲ್ವಾ?

1946ರ ಜೂನ್‌ನಲ್ಲಿ ನೌಕಾಪಡೆಯ ಗುಪ್ತಚರ ವಿಭಾಗ ಯುದ್ಧದ ಫಾರಂಗಳನ್ನೆಲ್ಲ ಕೂಡಿ ಕಳೆದು ಒಂದು ಅಂಕಿಅಂಶ ವರದಿ ಹೊರತಂದಿತು. ಹೆಲ್‌ಕ್ಯಾಟ್ ಪೈಲಟ್‌ಗಳು ಹೊಡೆದ ವಿಮಾನ 5,163. ಗಾಳಿಯ ಕಾಳಗದಲ್ಲಿ ಕಳೆದುಕೊಂಡ ಹೆಲ್‌ಕ್ಯಾಟ್ 270. ಭಾಗಿಸಿದರೆ 19ಕ್ಕೆ 1. ಇವತ್ತಿಗೂ ಎಲ್ಲರೂ ಉದ್ಧರಿಸುವುದು ಇದೇ ಲೆಕ್ಕ. ಅಮೆರಿಕದ ಇನ್ನೊಂದು ಯುದ್ಧವಿಮಾನ ಕಾರ್ಸೇರ್‌ಗೆ ಇದೇ ಲೆಕ್ಕ 11ಕ್ಕೆ 1 ಬರುತ್ತದೆ.

ಅದೇ ಲೆಕ್ಕದ ಉಳಿದ ಖಾನೆಗಳನ್ನು ಓದುವವರು ಕಡಿಮೆ. ಒಟ್ಟು ಹೋದ ಹೆಲ್‌ಕ್ಯಾಟ್‌ಗಳು 2,462. ಅದರಲ್ಲಿ ನೆಲದ, ಹಡಗಿನ ವಿಮಾನ ನಿರೋಧಕ ತೋಪುಗಳಿಗೆ ಬಿದ್ದದ್ದು 553. ಕಾರ್ಯಾಚರಣೆಗೆ ಹೋದಾಗ ಅಪಘಾತ, ಇಂಧನ ಖಾಲಿ, ಎಂಜಿನ್ ಕೆಟ್ಟದ್ದು ಅಂತ 341. ಮಿಕ್ಕ 1,298 ತರಬೇತಿ, ಸಾಗಣೆ ಇತ್ಯಾದಿಯಲ್ಲಿ. ಅಂದರೆ ಶತ್ರು ವಿಮಾನದ ಕೈಯಲ್ಲಿ ಹೋದದ್ದು ಒಂಬತ್ತರಲ್ಲಿ ಒಂದು. 270 ಸುಳ್ಳಲ್ಲ. ಆದರೆ ಅದೊಂದನ್ನೇ ಕಿತ್ತು ತೋರಿಸಿದರೆ ಹೆಲ್‌ಕ್ಯಾಟ್ ಹಾರಿಸುವುದು ಅಪಾಯವೇ ಇಲ್ಲದ ಕೆಲಸ ಅನ್ನಿಸಿಬಿಡುತ್ತದೆ.

ಮೇಲಿನ 5,163ದ ಕಥೆಯೂ ಅಷ್ಟೇ. ಅದು ಜಪಾನ್ ಕಳೆದುಕೊಂಡ ಸಂಖ್ಯೆಯಲ್ಲ, ಅಮೆರಿಕನ್ನರು ಬರೆದುಕೊಂಡ ಸಂಖ್ಯೆ. ನೌಕಾಪಡೆಯ ಅತಿ ದೊಡ್ಡ ಏಸ್ ಡೇವಿಡ್ ಮೆಕ್‌ಕ್ಯಾಂಬೆಲ್‌ನ ಹೆಸರಿನಲ್ಲಿ 34 ಇದೆ. 1944ರ ಅಕ್ಟೋಬರ್ 24ರಂದು ಒಂದೇ ಹಾರಾಟದಲ್ಲಿ ಅವನಿಗೆ 9, ಜೊತೆಗಿದ್ದ ರಾಯ್ ರಶಿಂಗ್‌ಗೆ 6. ಇಳಿಯುವಾಗ ಮೆಕ್‌ಕ್ಯಾಂಬೆಲ್‌ನ ಟ್ಯಾಂಕ್ ಹೆಚ್ಚುಕಡಿಮೆ ಖಾಲಿ. ತನ್ನ ಹಡಗು 'ಎಸೆಕ್ಸ್'ನ ಮೇಲೆ ಜಾಗ ಸಿಗದೆ 'ಲ್ಯಾಂಗ್ಲೆ' ಮೇಲೆ ಇಳಿದ. ಅದ್ಭುತ ಸಾಹಸ, ಎರಡು ಮಾತಿಲ್ಲ. ಆದರೆ ಆ ಎತ್ತರದಲ್ಲಿ ಒಬ್ಬನಿಗೆ ಇನ್ನೊಬ್ಬನೇ ಸಾಕ್ಷಿ.

ಎದುರುಕಡೆ ನೋಡಿದರೆ ಅಮೆರಿಕನ್ನರೇ ಎಷ್ಟೋ ವಾಸಿ. ಅದೇ ತಿಂಗಳು ಫಾರ್ಮೋಸಾ, ಅಂದರೆ ಇವತ್ತಿನ ತೈವಾನ್ ಬಳಿಯ ಕಾಳಗದಲ್ಲಿ ಹತ್ತಕ್ಕೂ ಹೆಚ್ಚು ವಿಮಾನವಾಹಕ ಹಡಗುಗಳನ್ನು ಮುಳುಗಿಸಿದೆವು ಅಂತ ಜಪಾನ್ ಸಾರಿತು. ಚಕ್ರವರ್ತಿಯ ಅಭಿನಂದನೆಯೂ ಬಂತು. ಮುಳುಗಿದ್ದು ಒಂದೂ ಇಲ್ಲ. ರಾತ್ರಿ ಕಾಳಗ, ಅನುಭವ ಇಲ್ಲದ ಪೈಲಟ್‌ಗಳು, ಉರಿಯುತ್ತ ಬಿದ್ದ ತಮ್ಮದೇ ವಿಮಾನಗಳ ಬೆಳಕು. ಅದನ್ನು ಹಡಗು ಉರಿಯುತ್ತಿದೆ ಅಂದುಕೊಂಡರು.

ತಾಳೆ ನೋಡುವ ಕೆಲಸ ಶುರುವಾದದ್ದು ಎಷ್ಟೋ ವರ್ಷಗಳ ನಂತರ. 1945ರ ಆಗಸ್ಟ್‌ನಲ್ಲಿ ಶರಣಾಗುವ ಹೊತ್ತಿಗೆ ಜಪಾನಿಯರು ರಾಶಿ ರಾಶಿ ಕಾಗದ ಸುಟ್ಟಿದ್ದರು. ಆದರೂ ಹಲವು ವಿಮಾನ ತಂಡಗಳ ದಿನಚರಿ ಉಳಿದಿತ್ತು. ಯಾವ ದಿನ ಯಾರು ಹಾರಿದರು, ಯಾರು ಬರಲಿಲ್ಲ ಅನ್ನುವುದು ಹೆಸರು ಸಮೇತ ಅದರಲ್ಲಿತ್ತು. ಅದನ್ನು ಅಮೆರಿಕದ ಫಾರಂ ಪಕ್ಕ ಇಟ್ಟಾಗ ಓಹೇರ್‌ನ ಐದು ಮೂರಾಯಿತು. ಕೆಲವು ದಿನ ಲೆಕ್ಕ ಹತ್ತಿರ ಹತ್ತಿರ ಕೂಡುತ್ತದೆ, ಕೆಲವು ದಿನ ಒಂದು ಎರಡಾಗಿರುತ್ತದೆ. ಯುದ್ಧದ ಕೊನೆಯ ಭಾಗಕ್ಕೆ ಕಾಗದವೇ ಪೂರ್ತಿ ಇಲ್ಲ. ಹಾಗಾಗಿ 19ಕ್ಕೆ ಬದಲು ಇಷ್ಟೇ ಅಂತ ಗೆರೆ ಎಳೆದು ಹೇಳಲು ಆಗುವುದಿಲ್ಲ.

ಓಹೇರ್ 1943ರ ನವೆಂಬರ್‌ನಲ್ಲಿ ರಾತ್ರಿ ಕಾಳಗಕ್ಕೆ ಹೋದವನು ವಾಪಸ್ ಬರಲಿಲ್ಲ. 1949ರಲ್ಲಿ ಚಿಕಾಗೊ ನಿಲ್ದಾಣಕ್ಕೆ ಅವನ ಹೆಸರಿಟ್ಟರು. ಅಲ್ಲಿ ಅವನ ನೆನಪಿಗೆ ಪ್ರದರ್ಶನಕ್ಕೆ ಇಟ್ಟ ವೈಲ್ಡ್‌ಕ್ಯಾಟ್ ಅವನು ಹಾರಿಸಿದ್ದಲ್ಲ. ಹಡಗಿನ ಮೇಲೆ ಇಳಿಯುವುದನ್ನು ಹೊಸ ಹುಡುಗರಿಗೆ ಕಲಿಸುತ್ತಿದ್ದದ್ದು ಪಕ್ಕದ ಮಿಶಿಗನ್ ಸರೋವರದಲ್ಲೇ. ಆ ತರಬೇತಿಯಲ್ಲಿ ನೂರಕ್ಕೂ ಹೆಚ್ಚು ವಿಮಾನ ನೀರು ಪಾಲಾದವು. ಈ ವೈಲ್ಡ್‌ಕ್ಯಾಟ್ ಅವುಗಳಲ್ಲೊಂದು, ಸರೋವರದ ತಳದಿಂದ ಎತ್ತಿ ತಂದು ದುರಸ್ತಿ ಮಾಡಿದ್ದು.