ಲಂಡನ್ ಬೆಳ್ಳಿಯ ವರ್ಷಾಕ್ಷರ: ಹರಾಜಿನಲ್ಲಿ ಕೂಗುವ ಮೊದಲು ಓದಿಕೊಳ್ಳಬೇಕಾದ್ದು

ನಮ್ಮ ಕಡೆ ಬೆಳ್ಳಿ ಕೊಳ್ಳುವುದೆಂದರೆ ತೂಕ, ಅವತ್ತಿನ ದರ, ಅದರ ಮೇಲೊಂದಿಷ್ಟು ಮಜೂರಿ. ಅದೇ ಕುಂಕುಮದ ಭರಣಿಯನ್ನು ವಾಪಸ್ ಮಾರಲು ಹೋದರೆ ಮಜೂರಿ ಹೋದಂತೆಯೇ, ತಕ್ಕಡಿ ಹೇಳಿದ್ದಷ್ಟೇ ಕೈಗೆ ಬರುತ್ತದೆ. 1960ರ ನಂತರದ ಇಂಗ್ಲೆಂಡಿನ ವಿನ್ಯಾಸಕರ ಬೆಳ್ಳಿ ಹರಾಜಿಗೆ ಬಂದಾಗ ಈ ಲೆಕ್ಕ ತಿರುಗಿಬಿಡುತ್ತದೆ. ಅಲ್ಲಿ ಲೋಹದ ಬೆಲೆ ಬರೀ ತಳಪಾಯ, ಜನ ಪೈಪೋಟಿಗಿಳಿದು ದುಡ್ಡು ಕೊಡುವುದು ಮಜೂರಿಗೆ. ಯಾರ ಕೈ, ಯಾವ ವರ್ಷ, ಎಷ್ಟನೇ ಪ್ರತಿ ಎಂಬುದಕ್ಕೆ. ಹಾಗಾಗಿ ತಕ್ಕಡಿಗಿಂತ ಮೊದಲು ಕಲಿಯಬೇಕಾದ್ದು ಬೆಳ್ಳಿಯ ಮೇಲೆ ಒತ್ತಿರುವ ಹಾಲ್‌ಮಾರ್ಕ್ ಗುರುತುಗಳನ್ನು, ಅದರಲ್ಲೂ ವರ್ಷ ಹೇಳುವ ಅಕ್ಷರವನ್ನು, ಓದುವುದನ್ನು. ಓದಿದ್ದು ತಲೆಯಲ್ಲಿ ಗಟ್ಟಿಯಾಗಲಿ ಎಂದು ಬರೆದಿಟ್ಟುಕೊಳ್ಳುತ್ತಿದ್ದೇನೆ. ಇದೇ ದಾರಿಯಲ್ಲಿರುವವರಿಗೂ ಉಪಯೋಗವಾದೀತು.

ಯಾರ ಬೆಳ್ಳಿ

ಮೊದಲ ಹೆಸರು ಸ್ಟುವರ್ಟ್ ಡೆವ್ಲಿನ್. 1931ರಲ್ಲಿ ಆಸ್ಟ್ರೇಲಿಯಾದ ಜೀಲಾಂಗ್‌ನಲ್ಲಿ ಹುಟ್ಟಿದವರು. 1966ರಲ್ಲಿ ಆಸ್ಟ್ರೇಲಿಯಾ ಡಾಲರಿಗೆ ಬದಲಾದಾಗ ಬಂದ ನಾಣ್ಯಗಳ ಹಿಂಬದಿಯ ಪ್ರಾಣಿಗಳು, ಪ್ಲಾಟಿಪಸ್, ಲೈರ್ ಹಕ್ಕಿ, ಎಕಿಡ್ನಾ, ಎಲ್ಲ ಇವರ ಕೈಯವು. ಆ ಸಾಲಿನ ದುಂಡನೆಯ ಐವತ್ತು ಸೆಂಟ್ ನಾಣ್ಯದಲ್ಲಿ ಶೇ. 80 ಬೆಳ್ಳಿಯಿತ್ತು. ಬೆಳ್ಳಿಯ ದರ ಏರಿ ನಾಣ್ಯದೊಳಗಿನ ಲೋಹ ಮುಖಬೆಲೆಯನ್ನು ಮೀರಿದ್ದರಿಂದ 1969ರಲ್ಲಿ ತಾಮ್ರ-ನಿಕಲ್ಲಿನ ಹನ್ನೆರಡು ಮೂಲೆಯ ನಾಣ್ಯ ಅದರ ಜಾಗಕ್ಕೆ ಬಂತು. ತಕ್ಕಡಿ ವಿನ್ಯಾಸವನ್ನು ಸೋಲಿಸಿದ್ದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. 1965ರಲ್ಲಿ ಲಂಡನ್ನಿಗೆ ಬಂದು ನೆಲೆಸಿದ ಡೆವ್ಲಿನ್, ಒರಟು ಮೈಯ ಚಿನ್ನದ ಲೇಪ, ಜಾಲರಿ ಕೆಲಸ, ತೆರೆದರೆ ಒಳಗೆ ಪುಟ್ಟ ದೃಶ್ಯ ಕಾಣುವ ಅಚ್ಚರಿಯ ಮೊಟ್ಟೆಗಳು, ಕ್ರಿಸ್‌ಮಸ್ ಡಬ್ಬಿಗಳು ಇವುಗಳಿಂದ ಹೆಸರಾದರು. 1982ರಲ್ಲಿ ರಾಣಿಯ ಅಧಿಕೃತ ಅಕ್ಕಸಾಲಿಗ ಎಂಬ ಮನ್ನಣೆ ಬಂತು. ತೀರಿಕೊಂಡಿದ್ದು 2018ರಲ್ಲಿ.

ಎರಡನೆಯವರು ಜೆರಾಲ್ಡ್ ಬೆನ್ನಿ, 1930ರಿಂದ 2008. ಮರದ ತೊಗಟೆಯಂತೆ ಕಾಣುವ ಅವರ ಬೆಳ್ಳಿಯ ಮೈ ಒಂದು ಆಕಸ್ಮಿಕದ ಫಲ. ತಲೆ ಹಾಳಾದ ಸುತ್ತಿಗೆಯಿಂದ ಬಡಿದಾಗ ಬಿದ್ದ ಗೀರುಗಳನ್ನು ಅಳಿಸದೆ ಅದನ್ನೇ ಪದ್ಧತಿ ಮಾಡಿಕೊಂಡರು. ಆ ಮೈಗೆ ಬೆರಳಿನ ಗುರುತು ಅಷ್ಟಾಗಿ ಕಾಣುವುದಿಲ್ಲ, ಬಳಸುವವರಿಗೆ ಇದು ದೊಡ್ಡ ಅನುಕೂಲ.

ಬೆನ್ನಿ ಹೆಸರಿನ ವಿಷಯದಲ್ಲಿ ಒಂದು ಎಚ್ಚರ. ಶೆಫೀಲ್ಡಿನ ವೈನರ್ಸ್ ಕಂಪನಿಗೆ ಅವರು ಚಮಚ-ಫೋರ್ಕುಗಳನ್ನು ವಿನ್ಯಾಸ ಮಾಡಿಕೊಟ್ಟರು. ಹಿಡಿಯಲ್ಲಿ ಅದೇ ತೊಗಟೆಯ ಗೀರು, ಆದರೆ ಲೋಹ ಸ್ಟೇನ್‌ಲೆಸ್ ಸ್ಟೀಲ್. ಹರಾಜಿನ ಪಟ್ಟಿಯಲ್ಲಿ ವಿನ್ಯಾಸಕನ ಹೆಸರಿದೆ ಅಂದ ಮಾತ್ರಕ್ಕೆ ಅದು ಬೆಳ್ಳಿಯಲ್ಲ. ಉಪಯೋಗಕ್ಕೆಂದು ಕೊಳ್ಳುವವರಿಗೆ ಅವು ಸೊಗಸಾದ ವಸ್ತುಗಳು, ಅದರಲ್ಲಿ ಎರಡು ಮಾತಿಲ್ಲ.

ಗುರುತುಗಳು, ಓದುವ ಕ್ರಮ

ಇಂಗ್ಲೆಂಡಿನ ಹಾಲ್‌ಮಾರ್ಕಿನಲ್ಲಿ ಸಾಮಾನ್ಯವಾಗಿ ಕಾಣುವವು ನಾಲ್ಕು. ಒಪ್ಪಿಸಿದವರ ಇನಿಷಿಯಲ್ಲು, ಶುದ್ಧತೆಗೆ ನಡೆಯುವ ಸಿಂಹ (ಅಂದರೆ ಸಾವಿರಕ್ಕೆ 925 ಪಾಲು ಬೆಳ್ಳಿ), ಶುದ್ಧತೆ ನೋಡಿ ಗುರುತು ಒತ್ತುವ ಪರೀಕ್ಷಾ ಕಚೇರಿಯ ಊರಿನ ಗುರುತು, ಮತ್ತು ವರ್ಷಾಕ್ಷರ. ಲಂಡನ್ನಿಗೆ ಚಿರತೆಯ ಮುಖ, ಬರ್ಮಿಂಗ್‌ಹ್ಯಾಮಿಗೆ ಲಂಗರು, ಎಡಿನ್‌ಬರೋಗೆ ಕೋಟೆ. ಶೆಫೀಲ್ಡಿನ ಬೆಳ್ಳಿಗೆ 1974ರ ಕೊನೆಯವರೆಗೆ ಕಿರೀಟ, 1975ರಿಂದ ಗುಲಾಬಿ. ಚೆಸ್ಟರ್ ಕಚೇರಿ 1962ರಲ್ಲೂ ಗ್ಲಾಸ್ಗೋ 1964ರಲ್ಲೂ ಮುಚ್ಚಿದವು, ಅವುಗಳ ಗುರುತಿರುವ ವಸ್ತು ಅದಕ್ಕಿಂತ ಈಚಿನದಾಗಿರಲು ಸಾಧ್ಯವಿಲ್ಲ.

ಇನಿಷಿಯಲ್ಲು ಯಾರದು ಎಂಬಲ್ಲಿ ಸ್ವಲ್ಪ ನಿಧಾನಿಸಬೇಕು. ಅದು ವಸ್ತುವನ್ನು ಪರೀಕ್ಷೆಗೆ ಒಪ್ಪಿಸಿದ ಸಂಸ್ಥೆ ಅಥವಾ ವ್ಯಕ್ತಿಯದು, ವಿನ್ಯಾಸಕನದೇ ಆಗಬೇಕೆಂದಿಲ್ಲ. ಲಂಡನ್ನಿನ ಲಿಬರ್ಟಿ ಕಂಪನಿ 1899ರಲ್ಲಿ ಶುರು ಮಾಡಿದ ಕಿಮ್ರಿಕ್ ಎಂಬ ಹೆಸರಿನ ಬೆಳ್ಳಿಗೆ ಆರ್ಚಿಬಾಲ್ಡ್ ನಾಕ್ಸ್ ಎಷ್ಟೋ ವಿನ್ಯಾಸ ಮಾಡಿದರು, ಆದರೆ ಮೇಲಿರುವುದು ಲಿಬರ್ಟಿಯ ಗುರುತು. ಅಲ್ಲಿ ನಾಕ್ಸ್ ಎಂದು ಹೇಳಲು ವಿನ್ಯಾಸದ ದಾಖಲೆಯೇ ಬೇಕು. ಡೆವ್ಲಿನ್, ಬೆನ್ನಿ ಕಾಲಕ್ಕೆ ಕಲಾವಿದರು ತಮ್ಮದೇ ಕಾರ್ಯಾಗಾರ ನಡೆಸಿ ತಮ್ಮದೇ ಇನಿಷಿಯಲ್ಲನ್ನು ನೋಂದಾಯಿಸಿದ್ದರಿಂದ ಕೆಲಸ ಹಗುರ: ಡೆವ್ಲಿನ್ನರದು 'ಎಸ್ ಡಿ'. ಹಾಗಿದ್ದೂ ಒಂದೇ ಜೋಡಿ ಅಕ್ಷರ ಬೇರೆ ಬೇರೆಯವರ ಹೆಸರಿಗೆ ಹೊಂದಬಹುದು, ಆದ್ದರಿಂದ ಅಕ್ಷರದ ಸುತ್ತಲಿನ ಚೌಕಟ್ಟಿನ ಆಕಾರವನ್ನೂ ಹೋಲಿಸಿ ನೋಡಬೇಕು.

ವರ್ಷಾಕ್ಷರ

ನಾನು ಬಹಳ ಹೊತ್ತು ನಿಂತದ್ದು ಇಲ್ಲಿ. ಅದಕ್ಕೇ ಬಿಡಿಸಿ ಬರೆಯುತ್ತೇನೆ.

ಪ್ರತಿ ವರ್ಷಕ್ಕೊಂದು ಇಂಗ್ಲಿಷ್ ಅಕ್ಷರ. ಅಕ್ಷರಮಾಲೆ ಮುಗಿದ ಮೇಲೆ ಬೇರೆ ಬರಹದ ಶೈಲಿಯಲ್ಲಿ, ಬೇರೆ ಚೌಕಟ್ಟಿನಲ್ಲಿ ಮತ್ತೆ 'ಎ'ಯಿಂದ ಶುರು. ಇಷ್ಟೇ ಆಗಿದ್ದರೆ ತೊಡಕಿರಲಿಲ್ಲ. ತೊಡಕು ಏನೆಂದರೆ 1974ರವರೆಗೆ ಪ್ರತಿ ಊರಿಗೂ ತನ್ನದೇ ಸುತ್ತು. ಲಂಡನ್ನಿನ ಒಂದು ಅಕ್ಷರ, ಅದೇ ವರ್ಷಕ್ಕೆ ಬರ್ಮಿಂಗ್‌ಹ್ಯಾಮಿನಲ್ಲಿ ಇನ್ನೊಂದು. ವರ್ಷ ಬದಲಾಗುತ್ತಿದ್ದ ದಿನವೂ ಬೇರೆ, ಲಂಡನ್ನಿನಲ್ಲಿ ಮೇ ಕೊನೆಗೆ. ಹಾಗಾಗಿ ಲಂಡನ್ನಿನ ಒಂದು ಅಕ್ಷರ ಎರಡು ವರ್ಷಗಳ ತುಂಡುಗಳನ್ನು ಹೊದ್ದಿರುತ್ತದೆ, ಪಟ್ಟಿಗಳಲ್ಲಿ ಕೆಲವೊಮ್ಮೆ '1968-69' ಎಂದು ಬರೆಯುವುದು ಇದಕ್ಕೇ. 1973ರ ಹಾಲ್‌ಮಾರ್ಕಿಂಗ್ ಕಾಯ್ದೆ 1975ರ ಜನವರಿ 1ರಂದು ಜಾರಿಗೆ ಬಂದಾಗ ಇದೆಲ್ಲ ಒಂದಾಯಿತು. ಅಂದಿನಿಂದ ಎಲ್ಲ ಊರಿಗೂ ಒಂದೇ ಅಕ್ಷರ, ಜನವರಿಯಿಂದ ಡಿಸೆಂಬರಿಗೆ.

ಆದ್ದರಿಂದ ಮೊದಲು ಊರಿನ ಗುರುತು, ಆಮೇಲೆ ಅಕ್ಷರ. ತಿರುಗಿಸಿ ಓದಿದರೆ ಲಂಗರಿನ ಅಕ್ಷರಕ್ಕೆ ಚಿರತೆಯ ವರ್ಷ ಅಂಟಿಸಿದಂತಾಗುತ್ತದೆ.

ಲಂಡನ್ನಿನದು ಇಪ್ಪತ್ತು ಅಕ್ಷರದ ಸುತ್ತು. 'ಜೆ' ಇಲ್ಲ, 'ಯು'ಗೆ ನಿಲ್ಲುತ್ತದೆ. 1916ರಲ್ಲಿ ಸಣ್ಣ 'ಎ', 1936ರಲ್ಲಿ ದೊಡ್ಡ 'ಎ', 1956ರಲ್ಲಿ ಮತ್ತೆ ಸಣ್ಣ 'ಎ'. ಈ ಕೊನೆಯ ಸುತ್ತನ್ನು ಹೊಸ ಕಾಯ್ದೆ ಬಂದು 'ಟಿ'ಯಲ್ಲಿ, 1974ರಲ್ಲಿ, ಕತ್ತರಿಸಿತು. ಆಧುನಿಕ ವಿನ್ಯಾಸದ ಬೆಳ್ಳಿ ಕೊಳ್ಳುವವರಿಗೆ ಬೇಕಾದ್ದು ಈ ಸುತ್ತು ಮತ್ತು ಅದರ ನಂತರದ್ದು. ನನ್ನ ಅಡ್ಡದಾರಿ ಹೀಗೆ: 'ಜೆ' ಬಿಟ್ಟು ಅಕ್ಷರದ ಸ್ಥಾನ ಎಣಿಸಿ 1955ಕ್ಕೆ ಕೂಡಿಸುವುದು. ಸಣ್ಣ 'ಎನ್' ಹದಿಮೂರನೆಯದು, 1968. ಸಣ್ಣ 'ಎಸ್' ಹದಿನೆಂಟನೆಯದು, 1973. 1975ರಿಂದ ದೊಡ್ಡಕ್ಷರಗಳ ಸುತ್ತು, ಅದಕ್ಕೆ 1974 ಕೂಡಿಸಬೇಕು: ದೊಡ್ಡ 'ಸಿ' ಮೂರನೆಯದು, 1977. ದೊಡ್ಡ 'ಇ' 1979. ಇದು 'ಝಡ್'ಗೆ, 1999ಕ್ಕೆ ಮುಗಿಯುತ್ತದೆ. 2000ಕ್ಕೆ ಮತ್ತೆ ಸಣ್ಣ 'ಎ'.

ನಿಜವಾದ ಗಂಟು ಇಲ್ಲಿದೆ. ಲಂಡನ್ನಿನ ಸಣ್ಣ 'ಸಿ' ಎಂದರೆ 1958ಕ್ಕೂ ಆಗುತ್ತದೆ, 2002ಕ್ಕೂ ಆಗುತ್ತದೆ. ನಲವತ್ತನಾಲ್ಕು ವರ್ಷದ ಅಂತರ! ಹರಾಜಿನ ಫೋಟೋದಲ್ಲಿ ಗುರುತು ಕಡ್ಡಿಯ ತುದಿಯಷ್ಟು ಕಾಣುವಾಗ ಬರಹದ ಶೈಲಿಯ ವ್ಯತ್ಯಾಸ ಹಿಡಿಯುವುದು ಕಷ್ಟ. ಬಿಡಿಸುವ ದಾರಿ ಅಕ್ಷರದಲ್ಲಿಲ್ಲ, ಪಕ್ಕದಲ್ಲಿದೆ. 1999ರಿಂದ ನಿಯಮ ಬದಲಾಗಿ ಶುದ್ಧತೆಯನ್ನು ಅಂಕಿಯಲ್ಲಿ ಒತ್ತುವುದು ಕಡ್ಡಾಯವಾಯಿತು, ಸಿಂಹ ಮತ್ತು ವರ್ಷಾಕ್ಷರ ಐಚ್ಛಿಕವಾದವು. ಆದ್ದರಿಂದ ಚಿರತೆ, ಸಣ್ಣಕ್ಷರ, ಜೊತೆಗೆ '925' ಎಂಬ ಅಂಕಿಯೂ ಇದ್ದರೆ ಅದು 2000ದ ಸುತ್ತು. ಅಂಕಿಯಿಲ್ಲದೆ ಸಿಂಹ ಮಾತ್ರ ಇದ್ದರೆ 1956ರ ಸುತ್ತು, ಇಲ್ಲವೇ ಅದಕ್ಕೂ ಹಿಂದಿನದು. ಇದರ ಮೇಲೆ ಕಲಾವಿದನ ಜೀವನದ ಲೆಕ್ಕವನ್ನೂ ಹಾಕಿ: ಡೆವ್ಲಿನ್ ಲಂಡನ್ನಿನಲ್ಲಿ ನೆಲೆಸಿದ್ದು 1965ರಲ್ಲಿ, ಹಾಗಾಗಿ 'ಎಸ್ ಡಿ' ಜೊತೆ ಸಣ್ಣ 'ಸಿ' ಕಂಡರೆ 1958 ಎಂದು ಬರೆದ ಪಟ್ಟಿಯನ್ನು ನಂಬಬೇಡಿ.

ಇದೇ ಗಂಟು ಇನ್ನೊಂದು ಕಡೆಯೂ ಇದೆ, ಲಂಡನ್ನಿನ ಸಣ್ಣ 'ಎಲ್' 1926 ಮತ್ತು 1966 ಎರಡಕ್ಕೂ. ಅಲ್ಲಿ ಅಂಕಿ ಸಹಾಯಕ್ಕೆ ಬರುವುದಿಲ್ಲ, ವಸ್ತುವಿನ ಶೈಲಿ ಮತ್ತು ತಯಾರಕನ ಇನಿಷಿಯಲ್ಲೇ ತೀರ್ಮಾನಿಸಬೇಕು.

ಹೆಚ್ಚುವರಿಯಾಗಿ ಕಾಣುವ ರಾಣಿಯ ತಲೆಯ ಬಗ್ಗೆ: 1890ಕ್ಕೆ ಮೊದಲಿನ ಬೆಳ್ಳಿಯಲ್ಲಿ ರಾಜ-ರಾಣಿಯ ತಲೆ ಎಂದರೆ ಸುಂಕ ಕಟ್ಟಿದ ಗುರುತು. ಆಮೇಲಿನ ವಸ್ತುಗಳಲ್ಲಿ ಅದು ಸ್ಮಾರಕದ ಗುರುತು, 1953ರ ಪಟ್ಟಾಭಿಷೇಕ, 1977ರ ರಜತೋತ್ಸವ ಹೀಗೆ. ದೊಡ್ಡ 'ಸಿ' ಪಕ್ಕದಲ್ಲಿ ರಾಣಿ ಎಲಿಜಬೆತ್ ತಲೆ ಕಂಡರೆ ಎರಡೂ ಒಂದನ್ನೊಂದು ಸಮರ್ಥಿಸುತ್ತವೆ.

ಡೆನ್ಮಾರ್ಕಿನ ಜಾರ್ಜ್ ಜೆನ್ಸನ್ ಕಂಪನಿಯ ಬೆಳ್ಳಿಗೆ ಈ ಪಾಠ ನೇರವಾಗಿ ಹೊಂದುವುದಿಲ್ಲ. ಅಲ್ಲಿನ ವಿನ್ಯಾಸಕ ಹೆನಿಂಗ್ ಕೊಪ್ಪೆಲ್ 1952ರಲ್ಲಿ ವಿನ್ಯಾಸ ಮಾಡಿದ ಹೂಜಿಯನ್ನು ಆಮೇಲೆಯೂ ತಯಾರಿಸುತ್ತಾ ಬಂದರು. ವಿನ್ಯಾಸದ ವರ್ಷ ಬೇರೆ, ತಯಾರಾದ ವರ್ಷ ಬೇರೆ. ಇಂಗ್ಲೆಂಡಿಗೆ ಆಮದಾದ ತುಂಡಿನ ಮೇಲಿನ ವರ್ಷಾಕ್ಷರ ಹೇಳುವುದು ಅಲ್ಲಿ ಪರೀಕ್ಷೆಯಾದ ವರ್ಷವನ್ನು ಮಾತ್ರ.

ತೂಕ: ಮೂರು ಔನ್ಸಿಗೆ ಎಂಟು ತೊಲ

ಹರಾಜಿನ ಪಟ್ಟಿಯಲ್ಲಿ ಬರುವ ಔನ್ಸು ಟ್ರಾಯ್ ಔನ್ಸು, 31.1 ಗ್ರಾಂ. ಅಡುಗೆಮನೆಯ 28.35 ಗ್ರಾಮಿನದಲ್ಲ. ಒಂದು ಟ್ರಾಯ್ ಔನ್ಸಿಗೆ 480 ಗ್ರೇನು. ನಮ್ಮ ತೊಲವನ್ನು ಬ್ರಿಟಿಷರು 180 ಗ್ರೇನಿಗೆ ನಿಗದಿ ಮಾಡಿದ್ದರು. ಹಾಗಾಗಿ ಮೂರು ಔನ್ಸು ಅಂದರೆ ಎಂಟು ತೊಲ, ಒಂದು ಗ್ರೇನೂ ಹೆಚ್ಚುಕಮ್ಮಿಯಿಲ್ಲದೆ. ಇದು ಸಿಕ್ಕ ದಿನ ನನಗಾದ ಖುಷಿ ಇನ್ನೂ ಇಳಿದಿಲ್ಲ. ಹನ್ನೆರಡು ಔನ್ಸಿನ ತುಂಡು ಎಂದರೆ ಮೂವತ್ತೆರಡು ತೊಲ, ಸುಮಾರು 373 ಗ್ರಾಂ. ಅದರಲ್ಲಿ 925ರ ಲೆಕ್ಕಕ್ಕೆ ಅಪ್ಪಟ ಬೆಳ್ಳಿ 345 ಗ್ರಾಂ. ಅವತ್ತಿನ ದರದಿಂದ ಗುಣಿಸಿದರೆ ತಳಪಾಯ ಸಿಕ್ಕಿತು. ಅದರ ಮೇಲೆ ಎಷ್ಟು ಕೊಡುತ್ತೀರೋ ಅಷ್ಟೂ ಡೆವ್ಲಿನ್ನರ ಮಜೂರಿ.

ಮೇಣದಬತ್ತಿ ಇಡುವ ಕಂಬಗಳಿಗೆ ಈ ಲೆಕ್ಕ ಹಾಕಬಾರದು. ಅನೇಕದರ ಬುಡದಲ್ಲಿ ಭಾರಕ್ಕೆಂದು ಬೇರೆ ಪದಾರ್ಥ ತುಂಬಿರುತ್ತಾರೆ, ಪಟ್ಟಿಯಲ್ಲಿ 'ಲೋಡೆಡ್' ಅಥವಾ 'ಫಿಲ್ಡ್' ಎಂದಿರುತ್ತದೆ. ಚಾಕುವಿನ ಹಿಡಿಯೂ ಹಾಗೆಯೇ.

ಕೂಗು ನಿಂತ ಮೇಲಿನ ಬೆಲೆ

ಸುತ್ತಿಗೆ ಬಿದ್ದ ಬೆಲೆ ನೀವು ಕೊಡುವ ಬೆಲೆಯಲ್ಲ. ಅದರ ಮೇಲೆ ಕೊಳ್ಳುವವರ ಪ್ರೀಮಿಯಂ (ಹರಾಜು ಸಂಸ್ಥೆಯ ಶುಲ್ಕ), ಪ್ರೀಮಿಯಂ ಮೇಲೆ ಬ್ರಿಟನ್ನಿನ ಶೇ. 20 ವ್ಯಾಟ್. ಪ್ರೀಮಿಯಂ ಶೇ. 25 ಎಂದಿಟ್ಟುಕೊಂಡರೆ 600 ಪೌಂಡಿನ ಕೂಗಿಗೆ 150 ಪ್ರೀಮಿಯಂ, 30 ವ್ಯಾಟ್, ಒಟ್ಟು 780. ನನ್ನ ಮಟ್ಟಿಗೆ ಹಿಂದಿನಿಂದ ಲೆಕ್ಕ ಹಾಕುವುದೇ ಸರಿ: ಕೈಯಲ್ಲಿರುವ ಹಣವನ್ನು 1.3ರಿಂದ ಭಾಗಿಸಿ, ಬಂದದ್ದನ್ನು ಕಾಗದದಲ್ಲಿ ಬರೆದು, ಅಲ್ಲಿಗೆ ಕೂಗು ನಿಲ್ಲಿಸಬೇಕು. ಲಾಟ್ ಸಂಖ್ಯೆಯ ಪಕ್ಕ ನಕ್ಷತ್ರವೋ ಕಠಾರಿಯೋ ಇದ್ದರೆ ಹೆಚ್ಚಿನ ತೆರಿಗೆ ಇರಬಹುದು, ನಿಯಮದ ಪುಟ ಓದಿ. ಭಾರತಕ್ಕೆ ತರಿಸುವವರು ಕಸ್ಟಮ್ಸ್ ದರವನ್ನು ಕೂಗುವ ಮುಂಚೆಯೇ ವಿಚಾರಿಸಿಕೊಳ್ಳಬೇಕು, ಬೆಳ್ಳಿಯ ಮೇಲಿನ ದರ ಬಜೆಟ್ಟಿನಲ್ಲಿ ಬದಲಾಗುತ್ತಿರುತ್ತದೆ.

ಮೊಟ್ಟೆ ಮತ್ತು ಡಬ್ಬಿ

ಅಲಂಕಾರದ ಪುಟ್ಟ ವಸ್ತುಗಳಲ್ಲಿ ಬೆಲೆ ಇರುವುದು ಪೂರ್ತಿತನದಲ್ಲಿ. ಡೆವ್ಲಿನ್ ಮೊಟ್ಟೆಗೆ ಹೊರಗಿನ ಜಾಲರಿ ಎಷ್ಟು ಮುಖ್ಯವೋ ಒಳಗಿನ ಅಚ್ಚರಿ ಅಷ್ಟೇ ಮುಖ್ಯ. ಒಳಗಿನದು ಕಳೆದುಹೋಗಿದ್ದರೆ ಉಳಿದದ್ದು ಅರ್ಧ ಕೃತಿ. ಸೀಮಿತ ಸಂಖ್ಯೆಯಲ್ಲಿ ಮಾಡಿದ ತುಂಡುಗಳ ಮೇಲೆ ಪ್ರತಿಯ ಸಂಖ್ಯೆ ಕೊರೆದಿರುತ್ತದೆ, ಪೆಟ್ಟಿಗೆ ಮತ್ತು ಕಾಗದ ಜೊತೆಗಿದ್ದರೆ ಆ ಸಂಖ್ಯೆ ಹೊಂದುತ್ತದೆಯೇ ಎಂದು ಕೇಳಿ. ಬೇರ್ಪಡುವ ಪ್ರತಿ ಭಾಗದಲ್ಲೂ, ಮುಚ್ಚಳದಲ್ಲೂ, ಗುರುತು ಹುಡುಕಿ. ಮುಚ್ಚಳದ ಅಕ್ಷರ ಡಬ್ಬಿಯ ಅಕ್ಷರದಿಂದ ಬೇರೆಯಾಗಿದ್ದರೆ ಎರಡು ವಸ್ತು ಕೂಡಿಸಿದ್ದಾರೆಂಬ ಸಂಶಯ ಬರಬೇಕು. ಬ್ರಿಟನ್ನಿನಲ್ಲಿ 7.78 ಗ್ರಾಮಿಗಿಂತ ಹಗುರವಾದ ಬೆಳ್ಳಿಗೆ ಹಾಲ್‌ಮಾರ್ಕ್ ಕಡ್ಡಾಯವಿಲ್ಲ, ಹಾಗಾಗಿ ಬಿಡಿಯಾದ ಚಿಕ್ಕ ಬೊಂಬೆಯ ಮೇಲೆ ಗುರುತಿಲ್ಲದಿದ್ದರೆ ಗಾಬರಿ ಬೇಡ.

ಚಿನ್ನದ ಲೇಪ ಸವೆದಿದ್ದರೆ ಮರುಲೇಪ ಹಾಕಿಸಬಹುದು, ಆದರೆ ಹೊಸ ಲೇಪ ಮೂಲದ ಒರಟುತನವನ್ನು ಮಂಕುಮಾಡಬಹುದು. ಬೆನ್ನಿಯವರ ತೊಗಟೆಯ ಮೈಯನ್ನಂತೂ ಯಂತ್ರದಲ್ಲಿ ಪಾಲಿಶ್ ಮಾಡಿಸಲೇಬಾರದು, ಗೀರು ಒಮ್ಮೆ ಸವೆದರೆ ಮರಳಿ ಬರುವುದಿಲ್ಲ. ಎನಾಮೆಲ್ ಇರುವ ತುಂಡಿನಲ್ಲಿ ಸಣ್ಣ ಬಿರುಕನ್ನೂ ಹರಾಜು ಸಂಸ್ಥೆ ಕೊಡುವ ಸ್ಥಿತಿ ವರದಿಯಲ್ಲಿ ಬರೆಸಿಕೊಳ್ಳಬೇಕು, ಏಕೆಂದರೆ ಎನಾಮೆಲ್ ಎಂದರೆ ಕುಲುಮೆಯಲ್ಲಿ ಕರಗಿ ಅಂಟಿದ ಗಾಜು. ದುರಸ್ತಿಗೆ ಮತ್ತೆ ಕಾಯಿಸಿದರೆ ಸುತ್ತಲಿನ ಬೆಸುಗೆಯೂ ಲೇಪವೂ ಕೆಡುವ ಅಪಾಯವಿದೆ. ವರದಿ ಕೇಳುವಾಗಲೇ ಗುರುತುಗಳ ಹತ್ತಿರದ ಫೋಟೋ ಕೂಡ ಕೇಳಿ: ಊರು, ಅಕ್ಷರ, ಇನಿಷಿಯಲ್ಲು ಮೂರೂ ಒಂದೇ ಚಿತ್ರದಲ್ಲಿ, ಓರೆ ಬೆಳಕಿನಲ್ಲಿ.