ಮೂರನೇ ವರ್ಷದ ಹಾಜರಿ ಪುಸ್ತಕದಲ್ಲಿ ಯಾರಿದ್ದಾರೆ?

ಮುಂಬಯಿಯ ಕಾಲೇಜುಗಳಲ್ಲಿ ಪ್ರವೇಶ ಮುಗಿದ ಕೂಡಲೇ ಒಂದು ಪಟ್ಟಿ ಸಿದ್ಧವಾಗುತ್ತದೆ. ಇಷ್ಟು ಹುಡುಗಿಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು ಇಷ್ಟು, ಅಂಗವಿಕಲರು ಇಷ್ಟು, ಇಷ್ಟು ಭಾಷೆಗಳನ್ನಾಡುವ ಮಕ್ಕಳು. ವಾರ್ಷಿಕ ವರದಿಯಲ್ಲಿ ಅದು ಅಚ್ಚಾಗುತ್ತದೆ, ತಪಾಸಣಾ ಸಮಿತಿ ಬಂದಾಗ ಪರದೆಯ ಮೇಲೆ ಮೂಡುತ್ತದೆ. ವಿದ್ಯಾರ್ಥಿ ಕಲ್ಯಾಣದ ಕೆಲಸದಲ್ಲೇ ವೃತ್ತಿಜೀವನದ ಬಹುಭಾಗ ಕಳೆದ ನನಗೆ ಆ ಪಟ್ಟಿಯಿಂದ ಸಮಾಧಾನವಾಗುವುದಿಲ್ಲ. ಅದೇ ಹೆಸರುಗಳಲ್ಲಿ ಎಷ್ಟು ಮಂದಿ ಮೂರು ವರ್ಷದ ನಂತರ ಪದವಿ ಪಡೆದು ಹೊರಟರು ಎಂಬ ಇನ್ನೊಂದು ಪಟ್ಟಿ ಬೇಕು. ಅದನ್ನು ಯಾರೂ ಸುಲಭವಾಗಿ ತೆಗೆದುಕೊಡುವುದಿಲ್ಲ.

ಕಾಲೇಜು ಬಿಡುವ ಹುಡುಗ ಒಂದೇ ದಿನ ಬಿಡುವುದಿಲ್ಲ. ಮೊದಲ ಆರು ವಾರಗಳಲ್ಲೇ ಅದರ ಗುರುತುಗಳು ಕಾಣಿಸುತ್ತವೆ: ಹಾಜರಿಯಲ್ಲಿ ಒಂದೇ ಬಗೆಯ ಗೈರು, ತಪ್ಪಿದ ಒಂದು ಆಂತರಿಕ ಪರೀಕ್ಷೆ, ಅರ್ಧಕ್ಕೇ ನಿಂತ ವಿದ್ಯಾರ್ಥಿವೇತನದ ಅರ್ಜಿ. ಈ ಮೂರೂ ಮಾಹಿತಿ ಕಾಲೇಜಿನಲ್ಲೇ ಇರುತ್ತದೆ. ಆದರೆ ಒಂದು ಅಧ್ಯಾಪಕರ ಬಳಿ, ಇನ್ನೊಂದು ಪರೀಕ್ಷಾ ವಿಭಾಗದಲ್ಲಿ, ಮತ್ತೊಂದು ಗುಮಾಸ್ತರ ಕಂಪ್ಯೂಟರಿನಲ್ಲಿ. ಮೂರನ್ನೂ ಒಂದೇ ಮೇಜಿನ ಮೇಲೆ ತಂದು, ಮೂರರಲ್ಲೂ ಕಾಣಿಸುವ ಹೆಸರುಗಳನ್ನು ಮೊದಲು ಕರೆಸಿ ಮಾತನಾಡುವುದೇ ನಮ್ಮ ಕೆಲಸದ ತಿರುಳು. ಓದಲಾಗದೆ ಬಿಟ್ಟವರಿಗಿಂತ ಕಾಗದಪತ್ರ ಹೊಂದಿಸಲಾಗದೆ ಬಿಟ್ಟವರನ್ನೇ ನಾನು ಹೆಚ್ಚು ಕಂಡಿದ್ದೇನೆ.

ಒಬ್ಬ ಹುಡುಗನ ವಿಷಯ ಹೇಳುತ್ತೇನೆ. ಮುಂಬಯಿ ಮಹಾನಗರಪಾಲಿಕೆಯ ಕನ್ನಡ ಮಾಧ್ಯಮದ ಶಾಲೆಯಿಂದ ಬಂದವನು, ವಾಣಿಜ್ಯ ವಿಭಾಗದ ಮೊದಲ ವರ್ಷ. ತಂದೆ ತಾಯಿ ಕಲಬುರಗಿ ಕಡೆಯಿಂದ ಬಂದ ಕಟ್ಟಡ ಕಾರ್ಮಿಕರು. ಬೆಳಗಿನ ಮೊದಲ ತರಗತಿಗೆ ಅವನು ಸದಾ ಗೈರು, ಎರಡನೆಯದಕ್ಕೆ ಸದಾ ಹಾಜರು. ಹಾಜರಿ ಪುಸ್ತಕದ ಅಂಚಿನಲ್ಲಿ ಅಧ್ಯಾಪಕರೊಬ್ಬರು ಪೆನ್ಸಿಲಿನಲ್ಲಿ ‘ಬೇಜವಾಬ್ದಾರಿ’ ಎಂದು ಬರೆದಿದ್ದರು. ಕರೆಸಿ ಕೇಳಿದಾಗ ಅವನು ಮೊದಲು ಬಾಯಿ ಬಿಡಲಿಲ್ಲ. ಇಂಗ್ಲಿಷ್ ಬಿಟ್ಟು ಕನ್ನಡದಲ್ಲಿ ಮಾತಿಗಿಳಿದ ಮೇಲೆ ಹೇಳಿದ: “ಏಳೂವರೆಯವರೆಗೆ ಮನೆಮನೆಗೆ ಹಾಲು ಹಾಕುತ್ತೇನೆ ಮೇಡಂ. ಅದನ್ನು ಬಿಟ್ಟರೆ ಪಾಸಿನ ದುಡ್ಡು ಹುಟ್ಟುವುದಿಲ್ಲ.” ಲೋಕಲ್ ರೈಲಿನ ಪಾಸ್ ಇಲ್ಲದೆ ಕಾಲೇಜೇ ಇಲ್ಲ. ಅದೇ ವಿಷಯ ಮಧ್ಯಾಹ್ನ ನಡೆಯುತ್ತಿದ್ದ ಇನ್ನೊಂದು ವಿಭಾಗಕ್ಕೆ ಅವನನ್ನು ವರ್ಗಾಯಿಸಿದೆವು. ಅದಕ್ಕೆ ಬೇಕಾದದ್ದು ಒಂದು ಅರ್ಜಿ, ಎರಡು ಸಹಿ.

ಅವನ ವಿದ್ಯಾರ್ಥಿವೇತನದ ಗಂಟು ಅಷ್ಟು ಸುಲಭದ್ದಾಗಿರಲಿಲ್ಲ. ಮುಂಬಯಿ, ಪುಣೆಯ ಕನ್ನಡ ಕುಟುಂಬಗಳು ಇದನ್ನು ಸರಿಯಾಗಿ ತಿಳಿದುಕೊಳ್ಳಬೇಕು. ಊರಿನ ತಹಶೀಲ್ದಾರರು ಕೊಟ್ಟ ಪರಿಶಿಷ್ಟ ಜಾತಿಯ ಪ್ರಮಾಣಪತ್ರ ಅವನ ಕೈಯಲ್ಲಿತ್ತು. ಮಹಾರಾಷ್ಟ್ರ ಸರ್ಕಾರದ ವಿದ್ಯಾರ್ಥಿವೇತನದ ಜಾಲತಾಣ ಮಹಾಡಿಬಿಟಿ ಅದನ್ನು ಒಪ್ಪಲಿಲ್ಲ. ಒಂದು ರಾಜ್ಯದಿಂದ ಇನ್ನೊಂದಕ್ಕೆ ವಲಸೆ ಬಂದವರಿಗೆ ಮೂಲ ರಾಜ್ಯದ ಜಾತಿ ಸ್ಥಾನಮಾನ ಹೊಸ ರಾಜ್ಯದಲ್ಲಿ ಮೀಸಲಾತಿ ತಂದುಕೊಡುವುದಿಲ್ಲ ಎಂದು ಸುಪ್ರೀಂ ಕೋರ್ಟ್ 1990ರಲ್ಲಿ ಹೇಳಿದೆ. 1994ರಲ್ಲಿ ಮಹಾರಾಷ್ಟ್ರಕ್ಕೆ ಸಂಬಂಧಿಸಿದ ಪ್ರಕರಣದಲ್ಲಿ ಅದನ್ನೇ ಎತ್ತಿ ಹಿಡಿದಿದೆ. ಮಹಾರಾಷ್ಟ್ರದ ಪ್ರಮಾಣಪತ್ರ ಬೇಕೆಂದರೆ, ಪರಿಶಿಷ್ಟ ಜಾತಿಯವರಾದರೆ 1950ರ ಆಗಸ್ಟ್ 10ಕ್ಕೂ ಹಿಂದುಳಿದ ವರ್ಗದವರಾದರೆ 1967ರ ಅಕ್ಟೋಬರ್ 13ಕ್ಕೂ ಮೊದಲೇ ಕುಟುಂಬ ಇಲ್ಲಿ ನೆಲೆಸಿತ್ತೆಂದು ದಾಖಲೆ ಕೊಡಬೇಕು. ಅಜ್ಜ ಮುಂಬಯಿಗೆ ಬಂದದ್ದೇ ಅದರ ಎಷ್ಟೋ ವರ್ಷಗಳ ನಂತರವಾದರೆ ಮೊಮ್ಮಗ ಎಲ್ಲಿಂದ ತರಬೇಕು?

ದಾರಿ ಬೇರೆ ಕಡೆ ಇದೆ. ಕೇಂದ್ರದ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನದ ನಿಯಮದಂತೆ, ವಿದ್ಯಾರ್ಥಿ ಯಾವ ರಾಜ್ಯಕ್ಕೆ ಸೇರಿದವನೋ ಆ ರಾಜ್ಯವೇ ಅದನ್ನು ಕೊಡಬೇಕು, ಅವನು ಬೇರೆ ರಾಜ್ಯದಲ್ಲಿ ಓದುತ್ತಿದ್ದರೂ. ಈ ಹುಡುಗನ ಮನೆಯವರ ಪಡಿತರ ಚೀಟಿ, ಮತದಾರರ ಗುರುತಿನ ಚೀಟಿ ಎಲ್ಲವೂ ಇನ್ನೂ ಊರಿನ ವಿಳಾಸದಲ್ಲೇ ಇದ್ದವು. ಕರ್ನಾಟಕದ ಮೂಲಕ ಅರ್ಜಿ ಹಾಕಿಸಿದೆವು. ನಮ್ಮ ಕಚೇರಿಯ ಗುಮಾಸ್ತರು ಕನ್ನಡ ಬಾರದಿದ್ದರೂ ಆ ಅರ್ಜಿಯ ಜೊತೆ ಕುಳಿತು, ಕಾಲೇಜಿನ ದೃಢೀಕರಣ ಪತ್ರವನ್ನು ಅಲ್ಲಿಯವರು ಕೇಳಿದ ನಮೂನೆಯಲ್ಲೇ ಮಾಡಿಕೊಟ್ಟರು. ಇಂಥ ಗುಮಾಸ್ತರ ಹೆಸರು ಯಾವ ವಾರ್ಷಿಕ ವರದಿಯಲ್ಲೂ ಬರುವುದಿಲ್ಲ. ಬರಬೇಕು.

ವೇಳಾಪಟ್ಟಿಯನ್ನು ಬಗ್ಗಿಸಿ ಬಡವರ ಮಕ್ಕಳನ್ನು ಓದಿಸುವುದು ಈ ನಗರಕ್ಕೆ ಹೊಸದೇನಲ್ಲ. ಹಗಲಿಡೀ ಹೋಟೆಲಿನಲ್ಲಿ ಮೇಜು ಒರೆಸುತ್ತಿದ್ದ ಕರಾವಳಿಯ ಹುಡುಗರಿಗಾಗಿ ಕನ್ನಡಿಗರು ಇಲ್ಲಿ ರಾತ್ರಿಶಾಲೆಗಳನ್ನು ಕಟ್ಟಿದರು. ಮೊಗವೀರರ ರಾತ್ರಿಶಾಲೆ ಶುರುವಾದದ್ದು 1908ರಲ್ಲಿ. ಡಾ. ಅಂಬೇಡ್ಕರ್ ಅವರು 1946ರಲ್ಲಿ ಸಿದ್ಧಾರ್ಥ ಕಾಲೇಜು ತೆರೆದಾಗ, ದುಡಿಯುವ ವಿದ್ಯಾರ್ಥಿಗಳು ಕೆಲಸಕ್ಕೂ ಹೋಗಲು ಅನುಕೂಲವಾಗಲೆಂದು ಬೆಳಗಿನ ಹೊತ್ತೇ ತರಗತಿಗಳನ್ನಿಟ್ಟರು. ನಮ್ಮ ಜಮಖಂಡಿಯಲ್ಲಿ ಹುಟ್ಟಿದ ವಿಠ್ಠಲ ರಾಮಜಿ ಶಿಂದೆಯವರು 1906ರಲ್ಲೇ ಮುಂಬಯಿಯಲ್ಲಿ ಶೋಷಿತ ವರ್ಗದವರಿಗಾಗಿ ಮಿಷನ್ ಸ್ಥಾಪಿಸಿ, ಶಾಲೆ ಮತ್ತು ವಸತಿನಿಲಯಗಳನ್ನು ನಡೆಸಿದರು. ಹುಡುಗನಲ್ಲಿ ಏನು ಕೊರತೆ ಎಂದು ಹುಡುಕುವ ಮೊದಲು ಇವರೆಲ್ಲ ತರಗತಿಯ ಗಂಟೆಯನ್ನೂ ಕಟ್ಟಡವನ್ನೂ ಬದಲಿಸಿದರು. ವೈವಿಧ್ಯದ ಬಗ್ಗೆ ಗಂಟೆಗಟ್ಟಲೆ ಭಾಷಣ ಮಾಡುವ ಸಂಸ್ಥೆಗಳು ಇಂದು ವೇಳಾಪಟ್ಟಿಯಲ್ಲಿ ಅರ್ಧ ಗಂಟೆ ಬದಲಿಸಲು ಒಪ್ಪುವುದಿಲ್ಲ ಎಂಬುದು ನನ್ನ ನೋವು.

ಇನ್ನು ಎಟಿಕೆಟಿ. ಕೆಲವು ವಿಷಯಗಳಲ್ಲಿ ನಪಾಸಾದರೂ ಮುಂದಿನ ವರ್ಷಕ್ಕೆ ಹೋಗಲು ಬಿಡುವ ಈ ವ್ಯವಸ್ಥೆ ಮುಂಬಯಿಯ ವಿದ್ಯಾರ್ಥಿಗಳ ನಾಲಿಗೆಯ ಮೇಲೇ ಇರುವ ಮಾತು. ಒಳ್ಳೆಯ ವ್ಯವಸ್ಥೆಯೇ. ಆದರೆ ಮೊದಲ ವರ್ಷದ ಬಾಕಿ ತೀರದೆ ಸಾಮಾನ್ಯವಾಗಿ ಮೂರನೇ ವರ್ಷಕ್ಕೆ ಪ್ರವೇಶವಿಲ್ಲ. ಮನೆಯಲ್ಲಿ ಕಾಲೇಜು ಕಂಡವರಿದ್ದರೆ ಇದನ್ನು ಮೊದಲೇ ಎಚ್ಚರಿಸುತ್ತಾರೆ. ಇಲ್ಲದಿದ್ದರೆ ಎರಡನೇ ವರ್ಷದ ಕೊನೆಯಲ್ಲಿ ಬರಸಿಡಿಲಿನಂತೆ ಎರಗುತ್ತದೆ. ಎರಡನೇ ವರ್ಷದ ಮೊದಲ ವಾರದಲ್ಲೇ ಬಾಕಿ ಉಳಿಸಿಕೊಂಡವರನ್ನು ಒಬ್ಬೊಬ್ಬರನ್ನಾಗಿ ಕರೆದು, ಪರೀಕ್ಷೆಯ ಅರ್ಜಿಯ ಕೊನೆಯ ದಿನಾಂಕವನ್ನು ಅವರ ಕೈಯಲ್ಲೇ ಬರೆಸಬೇಕು. ಸೂಚನಾ ಫಲಕದಲ್ಲಿ ಅಂಟಿಸಿದರೆ ಸಾಲದು.

2020ರ ರಾಷ್ಟ್ರೀಯ ಶಿಕ್ಷಣ ನೀತಿ ನಡುವೆ ಹೊರಹೋಗುವ ಅವಕಾಶ ಕೊಟ್ಟಿದೆ. ಒಂದು ವರ್ಷಕ್ಕೆ ಸರ್ಟಿಫಿಕೇಟ್, ಎರಡಕ್ಕೆ ಡಿಪ್ಲೊಮಾ. ಓದಿ ಗಳಿಸಿದ ಕ್ರೆಡಿಟ್‌ಗಳು ಕ್ರೆಡಿಟ್ ಬ್ಯಾಂಕ್ ಎಂಬ ಖಾತೆಯಲ್ಲಿ ಉಳಿಯುತ್ತವೆ, ಮರಳಿ ಬರಬಹುದು. ಕಾಯಿಲೆ ಬಿದ್ದವರಿಗೆ, ಮನೆಯ ಹೊಣೆ ಹೆಗಲಿಗೆ ಬಂದವರಿಗೆ ಇದು ನಿಜವಾದ ಆಸರೆ. ನನ್ನ ಕಳವಳ ಇಷ್ಟೇ: ಆ ಬಾಗಿಲಿನಿಂದ ಹೊರಗೆ ಹೋಗುವವರು ಯಾರು ಎಂಬ ಲೆಕ್ಕವನ್ನು ಜಾತಿ, ಲಿಂಗ, ಮಾಧ್ಯಮವಾರು ಇಡದಿದ್ದರೆ, ಬಡವರ ಮಕ್ಕಳು ಓದು ಬಿಡುವುದಕ್ಕೆ ಅಧಿಕೃತ ಮೊಹರು ಬಿದ್ದಂತಾಗುತ್ತದೆ.

ಮಹಾರಾಷ್ಟ್ರ ಸರ್ಕಾರ 2024ರಲ್ಲಿ ವೃತ್ತಿಪರ ಕೋರ್ಸುಗಳಲ್ಲಿ ವಾರ್ಷಿಕ ಎಂಟು ಲಕ್ಷ ರೂಪಾಯಿಯೊಳಗಿನ ಆದಾಯದ ಅರ್ಹ ಕುಟುಂಬಗಳ ಹುಡುಗಿಯರ ಬೋಧನಾ ಮತ್ತು ಪರೀಕ್ಷಾ ಶುಲ್ಕವನ್ನು ಪೂರ್ತಿ ಮನ್ನಾ ಮಾಡಿದ್ದು ದೊಡ್ಡ ಹೆಜ್ಜೆ. ಇದರ ಅರಿವಿಲ್ಲದ ಪೋಷಕರು ಇನ್ನೂ ಸಿಗುತ್ತಾರೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಕನಿಷ್ಠ ಶೇ. 5ರಷ್ಟು ಸೀಟುಗಳನ್ನು ಮೀಸಲಿಟ್ಟಿದೆ. ಸೀಟು ಸಿಕ್ಕಿದ ಮೇಲೆ ತರಗತಿ ಮೂರನೇ ಮಹಡಿಯಲ್ಲಿದ್ದು ಲಿಫ್ಟ್ ಕೆಟ್ಟಿದ್ದರೆ ಕಾಯ್ದೆ ಅಲ್ಲಿಗೇ ನಿಂತಿತು. ಇಂಥ ವಿದ್ಯಾರ್ಥಿಗಳಿಗೆ ನೆರವಾಗುವ ಸಮಾನ ಅವಕಾಶ ಕೋಶ ಪ್ರತಿ ಸಂಸ್ಥೆಯಲ್ಲೂ ಇರಬೇಕೆಂದು ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2012ರಲ್ಲೇ ನಿಯಮ ಮಾಡಿತು. ಹಲವೆಡೆ ಅದು ಹಿಂಬದಿಯ ಕೊಠಡಿಯ ಒಂದು ಫಲಕವಾಗಿದೆ. ಪ್ರವೇಶದ ಕಿಟಕಿಯ ಪಕ್ಕದಲ್ಲೇ ಅದರ ಮೇಜು ಇರಬೇಕೆಂದು ನಾನು ಹೋದಲ್ಲೆಲ್ಲ ಹಟ ಹಿಡಿದಿದ್ದೇನೆ.

ಮುಂಬಯಿಯ ನಮ್ಮ ಕನ್ನಡ ಸಂಘಗಳಲ್ಲಿ ಒಂದು ವಿನಂತಿ. ಫಲಿತಾಂಶ ಬಂದ ಮೇಲೆ ನೀವು ಪ್ರತಿಭಾ ಪುರಸ್ಕಾರ ನಡೆಸುತ್ತೀರಿ, ಶಾಲು ಹೊದಿಸಿ ಪುಸ್ತಕ ಕೊಡುತ್ತೀರಿ. ಅದು ನಡೆಯಲಿ. ಅದರ ಜೊತೆಗೆ ಜೂನ್, ಜುಲೈ ತಿಂಗಳ ಭಾನುವಾರಗಳಲ್ಲಿ ಸಂಘದ ಕಚೇರಿಯಲ್ಲಿ ಒಂದು ಕಂಪ್ಯೂಟರ್, ಒಂದು ಪ್ರಿಂಟರ್ ಇಟ್ಟು, ಮರಾಠಿಯೂ ಕನ್ನಡವೂ ಬಲ್ಲ ಇಬ್ಬರನ್ನು ಕೂರಿಸಿ. ಯಾವ ರಾಜ್ಯದ ತಾಣದಲ್ಲಿ ಅರ್ಜಿ ಹಾಕಬೇಕು, ಯಾವ ತಹಶೀಲ್ದಾರ ಕಚೇರಿಯ ಕಾಗದ ಬೇಕು ಎಂದು ಪೋಷಕರಿಗೆ ಹೇಳಿ. ಜಾತಿ ಪರಿಶೀಲನೆಯ ಪ್ರಮಾಣಪತ್ರ ಬೇಕಾದವರಿಗೆ ಹನ್ನೊಂದನೇ ತರಗತಿಯಲ್ಲೇ ದಾಖಲೆ ಕೂಡಿಸಲು ತಿಳಿಸಿ. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿದೆಯೇ ಎಂದು ಅಲ್ಲೇ ನೋಡಿಕೊಡಿ, ಮಂಜೂರಾದ ಹಣ ಅದೊಂದೇ ಕಾರಣಕ್ಕೆ ವರ್ಷಗಟ್ಟಲೆ ತಡೆದು ನಿಲ್ಲುತ್ತದೆ. ನಿವೃತ್ತ ಶಿಕ್ಷಕರೂ ಬ್ಯಾಂಕ್ ನೌಕರರೂ ನಿಮ್ಮ ಸಂಘಗಳಲ್ಲಿ ಬೇಕಾದಷ್ಟು ಮಂದಿ ಇದ್ದಾರೆ.